ಗೇಬ್ರಿಯಲ್ಲೋ ಕಾಲಿನ್ಸೋ? ಗೆರೆ ಎಳೆಯೋದು ಎಲ್ಲಿ

ಜೆನೆಸಿಸ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಇಬ್ಬರು ಅಭಿಮಾನಿಗಳು ಒಂದು ಕಡೆ ಸೇರಿದರೆ ಚಹಾ ಬರುವುದರೊಳಗೆ ವಾದ ಶುರುವಾಗುತ್ತದೆ. ಪೀಟರ್ ಗೇಬ್ರಿಯಲ್ ಹಾಡುತ್ತಿದ್ದ ಕಾಲ ದೊಡ್ಡದೋ, ಫಿಲ್ ಕಾಲಿನ್ಸ್ ಹಾಡಿದ ಕಾಲ ದೊಡ್ಡದೋ? 1975ರಲ್ಲಿ ಗೇಬ್ರಿಯಲ್ ಬ್ಯಾಂಡ್ ಬಿಟ್ಟ. ಅಂದಿನಿಂದ ಈ ವ್ಯಾಜ್ಯ ನಡೆದೇ ಇದೆ. ಬೆಳಗಾವಿಯ ಶಹಾಪುರದಲ್ಲಿ, ನನ್ನ ಮೈಕ್‌ಸೆಟ್ ಅಂಗಡಿಯ ಮಾಳಿಗೆ ಮೇಲೂ ನಡೆದಿದೆ. ಅದನ್ನು ನಾವು ಬಾಯಿಂದ ಕಿವಿಗೆ ಇಳಿಸಿದ್ದು ಹೇಗೆ ಅಂತ ಬರೆಯುತ್ತಿದ್ದೇನೆ.

ಮೊದಲು ಯಾರ್ಯಾರು ಅಂತ ಹೇಳಿಬಿಡುತ್ತೇನೆ. ಬ್ಯಾಂಕಿನಿಂದ ರಿಟೈರ್ ಆದ ಕಾಕಾ ಒಬ್ಬರು. ಅವರಿಗೆ 1975ರ ನಂತರ ಜೆನೆಸಿಸ್ ಅನ್ನೋದೇ ಇಲ್ಲ. ಹೈಸ್ಕೂಲಿನ ಅಕ್ಕೋರು ಒಬ್ಬರು. ಕಾಲೇಜಿನ ದಿನಗಳಲ್ಲಿ ಕಾಲಿನ್ಸ್ ಕಾಲದ ‘ಇನ್‌ವಿಸಿಬಲ್ ಟಚ್’ ಕ್ಯಾಸೆಟ್ ಸವೆಯುವಷ್ಟು ಕೇಳಿದವರು, ಅದಕ್ಕೆ ಚೂರೂ ನಾಚಿಕೆ ಇಲ್ಲದವರು. ಗಿಟಾರ್ ನುಡಿಸುವ ಇಬ್ಬರು ಎಂಜಿನಿಯರಿಂಗ್ ಹುಡುಗರು. ಆಮೇಲೆ ತಬಲಾ ಮಾಸ್ತರು. ಅವರು ಬಂದದ್ದು ಆ ಹುಡುಗರ ಕಾಟಕ್ಕೆ. ಉಳಿದದ್ದು ತಾಳದ ಲೆಕ್ಕದ ಆಸೆಗೆ.

ಬ್ಯಾಂಡ್ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಇಂಗ್ಲೆಂಡಿನ ಚಾರ್ಟರ್‌ಹೌಸ್ ಶಾಲೆಯ ಹುಡುಗರು 1967ರಲ್ಲಿ ಕಟ್ಟಿಕೊಂಡದ್ದು. ಗೇಬ್ರಿಯಲ್, ಕೀಬೋರ್ಡಿನ ಟೋನಿ ಬ್ಯಾಂಕ್ಸ್, ಬೇಸ್ ಗಿಟಾರಿನ ಮೈಕ್ ರುದರ್‌ಫರ್ಡ್ ಮೊದಲಿಂದ ಇದ್ದವರು. 1970ರಲ್ಲಿ ಡ್ರಮ್ಸ್‌ಗೆ ಕಾಲಿನ್ಸ್ ಬಂದ. 1971ರ ಶುರುವಿನಲ್ಲಿ ಗಿಟಾರಿಗೆ ಸ್ಟೀವ್ ಹ್ಯಾಕೆಟ್ ಬಂದ. ಗೇಬ್ರಿಯಲ್ ಹೋದ ಮೇಲೆ ಸುಮಾರು ಜನರನ್ನು ಹಾಡಿಸಿ ನೋಡಿದರು, ಯಾರೂ ಹಿಡಿಸಲಿಲ್ಲ. ಕೊನೆಗೆ ಡ್ರಮ್ಮರ್ರೇ ಮೈಕ್ ಹಿಡಿದ. 1977ರಲ್ಲಿ ಹ್ಯಾಕೆಟ್ಟೂ ಹೋದ. ಉಳಿದ ಮೂವರೇ ಆಮೇಲೆ ಸ್ಟೇಡಿಯಂ ತುಂಬಿಸುವಷ್ಟು ದೊಡ್ಡವರಾದರು. ಕೊನೆಯ ಶೋ 2022ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಆಯಿತು. ಅಷ್ಟೊತ್ತಿಗೆ ಕಾಲಿನ್ಸ್‌ಗೆ ನಿಂತು ಹಾಡಲಾಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತು ಹಾಡಿದ. ಡ್ರಮ್ಸ್ ಬಾರಿಸಿದ್ದು ಅವನ ಮಗ.

ನಮ್ಮ ವಾದ ಎಲ್ಲೂ ಮುಟ್ಟುತ್ತಿರಲಿಲ್ಲ. ಯಾಕೆಂದರೆ ಯಾರೂ ಹಾಡಿನ ಬಗ್ಗೆ ಮಾತಾಡುತ್ತಿರಲಿಲ್ಲ. ಕಾಕಾ ಗೇಬ್ರಿಯಲ್‌ನ ವೇಷಗಳ ಬಗ್ಗೆ ಮಾತಾಡುತ್ತಿದ್ದರು. ನರಿಯ ತಲೆ, ಹೆಂಡತಿಯ ಕೆಂಪು ಗೌನು, ಹೂವಿನ ಮುಖವಾಡ, ಎಲ್ಲ ಫೋಟೋದಲ್ಲಿ ನೋಡಿದ್ದು. ಹುಡುಗರು ಆಲ್ಬಮ್‌ಗಳಿಗೆ ಯಾರೋ ಕೊಟ್ಟ ಸ್ಟಾರ್ ರೇಟಿಂಗ್ ಬಗ್ಗೆ ಹೇಳುತ್ತಿದ್ದರು. ಅದಕ್ಕೆ ನಾನು ಒಂದು ಕರಾರು ಹಾಕಿದೆ. ಮಾಳಿಗೆ ಮೇಲೆ ಈಗ ಕೇಳಿಸಿದ್ದರ ಬಗ್ಗೆ ಮಾತ್ರ ಮಾತು. ಯಾವ ಹಾಡು, ಯಾವ ವರ್ಷ ಅಂತ ನಾನು ಮುಂಚೆ ಹೇಳೋದಿಲ್ಲ. ಕವರ್ ತೋರಿಸೋದಿಲ್ಲ.

ನನ್ನ ಕಸುಬು ಕೈಹಿಡಿದದ್ದು ಇಲ್ಲಿ. ಗಣಪತಿ ಹಬ್ಬದ ಹನ್ನೊಂದು ದಿನ ಮೈಕ್‌ಸೆಟ್ ಹಾಕುವವನಿಗೆ ಒಂದು ಮಾತು ಚೆನ್ನಾಗಿ ಗೊತ್ತಿರುತ್ತದೆ: ಜೋರಾಗಿರೋದೇ ಜನಕ್ಕೆ ಚಲೋ ಅನ್ನಿಸುತ್ತದೆ. ಎರಡು ಹಾಡುಗಳಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಸಾಕು, ‘ಇದರಲ್ಲಿ ಜೀವ ಇದೆ’ ಅನ್ನುತ್ತಾರೆ. ಜೆನೆಸಿಸ್ ವಿಷಯದಲ್ಲಿ ಇದು ಇನ್ನೂ ಹದಗೆಟ್ಟಿದೆ. 2007ರ ಸುಮಾರಿಗೆ ನಿಕ್ ಡೇವಿಸ್ ಅನ್ನೋರು ಇವರ ಹಳೆಯ ಆಲ್ಬಮ್‌ಗಳನ್ನೆಲ್ಲ ಹೊಸದಾಗಿ ಮಿಕ್ಸ್ ಮಾಡಿದರು, ಅಂದರೆ ದನಿ, ವಾದ್ಯಗಳ ಸದ್ದನ್ನು ಮತ್ತೆ ಹೊಂದಿಸಿದರು. ಆ ಸೀಡಿಗಳು ಹಳೆಯವಕ್ಕಿಂತ ಜೋರು, ಏರಿಳಿತ ಕಡಿಮೆ. ಒಂದು ಕಾಲದ್ದು ಹಳೆಯ ಸೀಡಿ, ಇನ್ನೊಂದು ಕಾಲದ್ದು ಹೊಸ ಮಿಕ್ಸ್ ಇಟ್ಟುಕೊಂಡು ವಾದ ಮಾಡಿದರೆ ಗೆಲ್ಲೋದು ಮಿಕ್ಸಿಂಗ್ ಮಾಡಿದವನು, ಬ್ಯಾಂಡ್ ಅಲ್ಲ.

ಹಾಗಾಗಿ ಎಲ್ಲವೂ ಹಳೆಯ ಸೀಡಿಯಿಂದಲೇ, ಇಲ್ಲವೇ ಎಲ್ಲವೂ ಹೊಸದರಿಂದಲೇ. ಮೊಬೈಲಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಹಾಕಿ, ಕಾಕಾ ಕೂರುವ ಕುರ್ಚಿಯ ಮೇಲೆ ಇಡುತ್ತೇನೆ. ಸುಮಾರು 80 ಡೆಸಿಬೆಲ್ ಬರುವ ಹಾಗೆ ಪ್ರತಿ ಹಾಡಿಗೂ ವಾಲ್ಯೂಮ್ ಬೇರೆ ಬೇರೆ ಗುರುತು ಮಾಡಿಕೊಳ್ಳುತ್ತೇನೆ. ಆ ಆ್ಯಪ್‌ಗಳು ಅಷ್ಟೇನೂ ನಿಖರ ಅಲ್ಲ. ಆದರೆ ಒಂದೇ ಮೊಬೈಲು ಒಂದೇ ಜಾಗದಲ್ಲಿದ್ದರೆ ಹೋಲಿಸೋಕೆ ಸಾಕು. ಹಾಡಿನ ಗದ್ದಲದ ಭಾಗವನ್ನೇ ಅಳೆಯಬೇಕು, ಮೆಲ್ಲಗಿನ ಶುರುವನ್ನಲ್ಲ. ಇನ್ನೊಂದು ತೊಂದರೆ ಪಕ್ಕದ ಓಣಿಯ ಪವರ್‌ಲೂಮು. ಅದು ನಿಂತ ಮೇಲೇ ನಮ್ಮ ಕೆಲಸ ಶುರು.

ಮೊದಲ ಪರೀಕ್ಷೆ ದನಿಯದ್ದು. ‘ಫಾರ್ ಆಬ್ಸೆಂಟ್ ಫ್ರೆಂಡ್ಸ್’ ಹಾಕಿದೆ. ಪುಟ್ಟ ಹಾಡು, ಎರಡು ನಿಮಿಷಕ್ಕಿಂತ ಕಡಿಮೆ.

‘ಇದು ಕಾಲಿನ್ಸ್. ಅಂದ ಮ್ಯಾಲೆ ಎಪ್ಪತ್ತಾರರ ನಂತರದ್ದು. ನೋಡು ತಮ್ಮಾ, ಸಪ್ಪಗ ಐತಿ,’ ಅಂದರು ಕಾಕಾ.

ಹಾಡಿದ್ದು ಕಾಲಿನ್ಸ್ ಅನ್ನೋದು ಖರೆ. ಆದರೆ ಹಾಡು 1971ರ ‘ನರ್ಸರಿ ಕ್ರೈಮ್’ ಆಲ್ಬಮ್ಮಿನದು, ಕಾಕಾನ ಬಂಗಾರದ ಕಾಲದ್ದು. 1973ರ ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್’ನಲ್ಲೂ ‘ಮೋರ್ ಫೂಲ್ ಮಿ’ ಹಾಡಿದ್ದು ಅವನೇ. ಉಳಿದ ಎಷ್ಟೋ ಹಾಡುಗಳಲ್ಲಿ ಗೇಬ್ರಿಯಲ್‌ನ ದನಿಯ ಕೆಳಗೆ ಜೊತೆದನಿಯಾಗಿ ಇರೋದೂ ಅವನೇ. ಅದೇ ಸಂಜೆ 1976ರ ‘ಸ್ಕ್ವಾಂಕ್’ ಹಾಕಿದಾಗ ಹುಡುಗರಲ್ಲಿ ಒಬ್ಬ ಕಣ್ಣು ಮುಚ್ಚಿ ‘ಗೇಬ್ರಿಯಲ್’ ಅಂದ. ದನಿ ನೋಡಿ ಕಾಲ ಹೇಳೋದು ಎಷ್ಟು ಜಾರುವ ದಾರಿ ಅಂತ ಎಲ್ಲರಿಗೂ ಅಲ್ಲೇ ಗೊತ್ತಾಯಿತು.

ಎರಡನೇ ಪರೀಕ್ಷೆಯೇ ನಿಜವಾದದ್ದು. ಒಂದೇ ಹಾಡು, ಎರಡು ಕಾಲ. ಇದಕ್ಕೆ 1977ರ ‘ಸೆಕೆಂಡ್ಸ್ ಔಟ್’ ಅನ್ನೋ ಲೈವ್ ಆಲ್ಬಮ್ಮಿಗಿಂತ ಒಳ್ಳೆಯ ಸಾಮಾನು ಸಿಗೋದಿಲ್ಲ. ಪ್ಯಾರಿಸ್ಸಿನಲ್ಲಿ ರೆಕಾರ್ಡ್ ಆದದ್ದು. ಗೇಬ್ರಿಯಲ್ ಹಾಡಿದ್ದ ಎಷ್ಟೋ ದೊಡ್ಡ ಹಾಡುಗಳನ್ನು ಇಲ್ಲಿ ಕಾಲಿನ್ಸ್ ಹಾಡಿದ್ದಾನೆ. ಹ್ಯಾಕೆಟ್ ಇನ್ನೂ ಇದ್ದಾನೆ. ಹಾಡೋಕೆ ಕಾಲಿನ್ಸ್ ಮುಂದೆ ಬಂದದ್ದರಿಂದ ಡ್ರಮ್ಸ್‌ಗೆ ಚೆಸ್ಟರ್ ಥಾಂಪ್ಸನ್ ಕೂತಿದ್ದಾನೆ. ಬರೀ ವಾದ್ಯದ ಭಾಗ ಬಂದಾಗ ಕಾಲಿನ್ಸ್ ಓಡಿಹೋಗಿ ಇನ್ನೊಂದು ಡ್ರಮ್ಸ್‌ಗೆ ಕೂರುತ್ತಾನೆ.

‘ಸಪ್ಪರ್ಸ್ ರೆಡಿ’ಯನ್ನು ಮೊದಲು 1972ರ ‘ಫಾಕ್ಸ್‌ಟ್ರಾಟ್’ನಿಂದ ಕೇಳಿದೆವು. ಹತ್ತಿರ ಹತ್ತಿರ 23 ನಿಮಿಷ, ಏಳು ಭಾಗ. ಆಮೇಲೆ ಲೈವ್. ನಾಟಕದ ಭಾಗಗಳಲ್ಲಿ ಗೇಬ್ರಿಯಲ್‌ಗೆ ಸಾಟಿ ಇಲ್ಲ. ಒಬ್ಬನೇ ನಾಲ್ಕಾರು ಪಾತ್ರ ಆಗುತ್ತಾನೆ. ಕಾಲಿನ್ಸ್ ಅದನ್ನೆಲ್ಲ ಸುಮ್ನೆ ಹಾಡಿಬಿಡುತ್ತಾನೆ. ಇದನ್ನು ಅಕ್ಕೋರೂ ಒಪ್ಪಿದರು. ಆದರೆ ಕೊನೆಯ ಭಾಗ ಬಂದಾಗ ಮಾತು ಬದಲಾಯಿತು. ಎಪ್ಪತ್ತೇಳರ ಬ್ಯಾಂಡ್ ಅದನ್ನು ಎತ್ತಿ ನಿಲ್ಲಿಸುವ ರೀತಿಯೇ ಬೇರೆ. ಎರಡು ಡ್ರಮ್ಸ್, ಮೇಲೆ ಬ್ಯಾಂಕ್ಸ್‌ನ ಕೀಬೋರ್ಡು, ಅದರ ಮೇಲೆ ಹ್ಯಾಕೆಟ್. ಕಾಕಾ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಒಪ್ಪಿದರು ಅಂತಲೇ ಲೆಕ್ಕ.

‘ಫರ್ತ್ ಆಫ್ ಫಿಫ್ತ್’ನಲ್ಲಿ ಉಲ್ಟಾ ಆಯಿತು. 1973ರ ರೆಕಾರ್ಡಿನಲ್ಲಿ ಶುರುವಿಗೇ ಬ್ಯಾಂಕ್ಸ್‌ನ ಪಿಯಾನೊ ಇದೆ. ಲೈವ್‌ನಲ್ಲಿ ಆ ಶುರುವನ್ನೇ ಬಿಟ್ಟಿದ್ದಾರೆ. ಬಾಗಿಲು ಕಿತ್ತ ಮನೆ ನೋಡಿದ ಹಾಗೆ ಆಗುತ್ತೆ, ಅಲ್ವಾ? ಹ್ಯಾಕೆಟ್‌ನ ಗಿಟಾರ್ ಸೋಲೋ ಮಾತ್ರ ಎರಡರಲ್ಲೂ ಸಮ. ಒಂದು ಸ್ವರ ಹಿಡಿದರೆ ಬಿಡೋದೇ ಇಲ್ಲ. ಅದನ್ನು ಕೇಳಿ ತಬಲಾ ಮಾಸ್ತರು ‘ಮೀಂಡ್ ಐತಿ ನೋಡ್ರಿ’ ಅಂದರು. ಮೀಂಡ್ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು.

ಮಾಸ್ತರು ಬಂದ ಮೇಲೆ ತಾಳದ್ದೇ ಒಂದು ಬೇರೆ ಬೈಠಕ್ ಆಯಿತು. ‘ಸಿನೆಮಾ ಶೋ’ದ ಎರಡನೇ ಅರ್ಧ ಏಳರ ಲೆಕ್ಕ. ಮಾಸ್ತರು ಏಳು ಮಾತ್ರೆಯ ರೂಪಕ ತಾಳದ ಬೋಲ್ ಹಾಕಿಕೊಟ್ಟರು: ತಿನ್ ತಿನ್ ನಾ, ಧಿನ್ ನಾ, ಧಿನ್ ನಾ. ಹುಡುಗರು ತೊಡೆ ಮೇಲೆ ಬಡಿಯುತ್ತಾ ಕೂತರು. ‘ಸಪ್ಪರ್ಸ್ ರೆಡಿ’ಯ ಒಂದು ಭಾಗದ ಹೆಸರಲ್ಲೇ ಒಂಬತ್ತು-ಎಂಟು (9/8), ಅಂದರೆ ಒಂಬತ್ತರ ಲೆಕ್ಕ, ಇದೆ. ಅಲ್ಲಿ ಬೇಸ್, ಗಿಟಾರ್, ಡ್ರಮ್ಸ್ ಮೂರೂ ಒಂಬತ್ತನ್ನು ಮೂರು, ಎರಡು, ನಾಲ್ಕಾಗಿ ಮುರಿದು ಬಾರಿಸುತ್ತಲೇ ಇರುತ್ತವೆ. ಮೇಲಿನ ಆರ್ಗನ್ ತನ್ನ ಪಾಡಿಗೆ ಬೇರೆ ಲೆಕ್ಕದಲ್ಲಿ ಅಲೆದಾಡುತ್ತದೆ. ಮಾಸ್ತರು ಅದನ್ನು ಮೂರು ಸಲ ಹಾಕಿಸಿದರು. ಅವರ ತೀರ್ಪು: ‘ಠೇಕಾ ಬಿಟ್ಟಿಲ್ಲ. ಮ್ಯಾಲಿನಾಂವ ತಿರಗ್ಯಾಡಿ ಬಂದ್ರೂ ಸಮ್‌ಗೆ ಬರ್ತಾನ.’ ಠೇಕಾ ಅಂದರೆ ತಾಳದ ಮೂಲ ಬಡಿತ, ಸಮ್ ಅಂದರೆ ಸುತ್ತಿನ ಮೊದಲ ಮಾತ್ರೆ.

ಆಮೇಲೆ ನಾನು ‘ಟರ್ನ್ ಇಟ್ ಆನ್ ಅಗೇನ್’ ಹಾಕಿದೆ. 1980ರದು, ಮೂವರ ಕಾಲದ್ದು, ರೇಡಿಯೊದಲ್ಲಿ ಹಿಟ್ ಆದದ್ದು. ‘ಇದು ಸಾದಾ ನಾಲ್ಕು, ಪಾಪ್,’ ಅಂದರು ಕಾಕಾ. ಮಾಸ್ತರು ಬೆರಳು ಮಡಚಿ ಎಣಿಸಿದರು. ಹದಿಮೂರು! ನೀವೂ ಈ ಹಾಡಿಗೆ ಚಪ್ಪಾಳೆ ಹಾಕಿ ನೋಡಿ. ಒಂದು ಸುತ್ತು ಬರುವಷ್ಟರಲ್ಲಿ ತಪ್ಪುತ್ತೀರಿ. ಮೂವರಾದ ಮೇಲೆ ಬ್ಯಾಂಡು ದಡ್ಡ ಆಯಿತು ಅನ್ನೋ ಮಾತು ನಮ್ಮ ಮಾಳಿಗೆಯಲ್ಲಿ ಅವತ್ತಿಗೆ ಮುಗಿಯಿತು.

ಇಷ್ಟೆಲ್ಲ ಕೇಳಿದ ಮೇಲೆ ನನಗೆ ಅನ್ನಿಸಿದ್ದು ಇದು. ಎಲ್ಲರೂ ಗೆರೆಯನ್ನು 1975ರಲ್ಲಿ ಎಳೆಯುತ್ತಾರೆ, ಹಾಡುವವನು ಬದಲಾದ ಅಂತ. ಗೆರೆ ಇರೋದು 1977ರಲ್ಲಿ, ಗಿಟಾರಿನವನು ಹೋದಾಗ. ‘ಎ ಟ್ರಿಕ್ ಆಫ್ ದ ಟೇಲ್’ ಮತ್ತು ‘ವಿಂಡ್ ಅಂಡ್ ವದರಿಂಗ್’, ಎರಡೂ 1976ರವು, ಎರಡರಲ್ಲೂ ಗೇಬ್ರಿಯಲ್ ಇಲ್ಲ. ಆದರೂ ಹನ್ನೆರಡು ತಂತಿಯ ಗಿಟಾರು, ಮೆಲೊಟ್ರಾನ್ ಅನ್ನೋ ಟೇಪಿನ ಕೀಬೋರ್ಡು, ಎಂಟು ಹತ್ತು ನಿಮಿಷದ ಹಾಡು, ಎಲ್ಲ ಹಾಗೇ ಇದೆ. ಅವನ್ನು 1973ರ ರೆಕಾರ್ಡಿನ ಪಕ್ಕ ಇಟ್ಟರೆ ಒಂದೇ ಮನೆಯವು ಅಂತ ಗೊತ್ತಾಗುತ್ತೆ. ‘ಟ್ರಿಕ್’ನ ಕೊನೆಯ ತುಣುಕು ‘ಲಾಸ್ ಎಂಡೋಸ್’ ಮುಗಿಯುವಾಗ ಕಾಲಿನ್ಸ್ ‘ಸಪ್ಪರ್ಸ್ ರೆಡಿ’ಯ ಸಾಲೊಂದನ್ನು ಮೆಲ್ಲಗೆ ಹಾಡುತ್ತಾನೆ. ಹೋದ ಗೆಳೆಯನಿಗೆ ಹೇಳಿದ ನಮಸ್ಕಾರ ಅದು. ವಾಲ್ಯೂಮ್ ಏರಿಸದಿದ್ದರೆ ಕೇಳಿಸೋದಿಲ್ಲ.

ಮುಂದಿನ ಆಲ್ಬಮ್ 1978ರದು. ಹೆಸರೇ ‘ಕೊನೆಗೆ ಮೂವರು ಉಳಿದರು’ ಅನ್ನೋ ಅರ್ಥದ್ದು. ಬೇಸ್ ನುಡಿಸುತ್ತಿದ್ದ ರುದರ್‌ಫರ್ಡೇ ಗಿಟಾರೂ ನುಡಿಸಬೇಕಾಯಿತು. ಹನ್ನೊಂದು ಹಾಡುಗಳು, ಹೆಚ್ಚಿನವು ಗಿಡ್ಡ. ಗಿಟಾರು ಮಾಡುತ್ತಿದ್ದ ಕೆಲಸವನ್ನೆಲ್ಲ ಕೀಬೋರ್ಡು ಹೊತ್ತುಕೊಂಡಿತು. ಅದರಲ್ಲಿನ ‘ಫಾಲೊ ಯೂ ಫಾಲೊ ಮಿ’ ಬ್ರಿಟನ್ನಿನಲ್ಲಿ ಮೊದಲ ಹತ್ತರೊಳಗೆ ಬಂತು, ಇವರ ಯಾವ ಸಿಂಗಲ್ಲೂ ಅದಕ್ಕೆ ಮುಂಚೆ ಅಲ್ಲಿಗೆ ಮುಟ್ಟಿರಲಿಲ್ಲ. ಸದ್ದು ಬದಲಾದದ್ದು ಇಲ್ಲಿ. ಹಾಗಾಗಿ ನನ್ನ ಓಟು ಆ ಸಣ್ಣ ಕಾಲಕ್ಕೆ, ಗೇಬ್ರಿಯಲ್ ಹೋಗಿ ಹ್ಯಾಕೆಟ್ ಇನ್ನೂ ಹೋಗದ 1976–77ಕ್ಕೆ. ಎರಡು ಆಲ್ಬಮ್, ಒಂದು ಲೈವ್, ಅಷ್ಟೇ. ಹುಡುಗರು ನನ್ನ ಕಡೆ ಬಂದರು. ಗಿಟಾರಿನವರಲ್ವಾ, ಬಂದೇ ಬರುತ್ತಾರೆ.

ಅಕ್ಕೋರು ಬರಲಿಲ್ಲ. ಅವರ ವಾದ ಗಟ್ಟಿಯಾಗಿದೆ, ಅದನ್ನು ಇಲ್ಲಿ ಬರೆಯಲೇಬೇಕು. ‘ನೀವು ಹಳೇ ಸದ್ದು ಎಷ್ಟು ಉಳದೈತಿ ಅಂತ ಅಳತೀರಿ. ಹೊಸಾದು ಎಷ್ಟು ಬಂತು ಅಂತ ಯಾಕ ಅಳಿಯಂಗಿಲ್ಲ?’ ಅಂತ ಕೇಳಿದರು. 1980ರ ‘ಡ್ಯೂಕ್’ನ ‘ಡಚೆಸ್’ ಹಾಡಿನಲ್ಲಿ ಡ್ರಮ್ ಮೆಷಿನ್ ಒಂದೇ ಟಕಟಕ ಅನ್ನುತ್ತಿರುತ್ತದೆ, ಆಮೇಲೆ ನಿಜವಾದ ಡ್ರಮ್ಸ್ ಬಂದು ಬೀಳುತ್ತದೆ. ಇದನ್ನು 1973ರ ಬ್ಯಾಂಡ್ ಯೋಚನೆ ಕೂಡ ಮಾಡುತ್ತಿರಲಿಲ್ಲ ಅಂದರು. ಅವರು ತಂದ ಇನ್ನೊಂದು ಸಾಕ್ಷಿ ಇನ್ನೂ ಮಜವಾಗಿದೆ. ಎಂಬತ್ತರ ದಶಕದ ಆ ಗುಂಡು ಹಾರಿದಂಥ ಡ್ರಮ್ಸ್ ಸದ್ದು ಮೊದಲು ಬಂದದ್ದು 1980ರ ಗೇಬ್ರಿಯಲ್‌ನ ಸ್ವಂತ ಆಲ್ಬಮ್ಮಿನಲ್ಲಿ, ‘ಇಂಟ್ರೂಡರ್’ ಹಾಡಿನಲ್ಲಿ. ಬಾರಿಸಿದವನು ಕಾಲಿನ್ಸ್! ಇಬ್ಬರನ್ನೂ ಎದುರಾಳಿಗಳ ಹಾಗೆ ನಿಲ್ಲಿಸಿದ್ದು ನಾವು, ಅವರು ಬೇರೆ ಆದ ಮೇಲೂ ಕೂಡಿ ಕೆಲಸ ಮಾಡುತ್ತಿದ್ದರು. ಹತ್ತು ನಿಮಿಷ ದಾಟುವ ‘ಡೊಮಿನೊ’ ಇರೋದು 1986ರ ‘ಇನ್‌ವಿಸಿಬಲ್ ಟಚ್’ನಲ್ಲೇ ಅನ್ನೋದನ್ನೂ ಅವರು ಕಾಕಾಗೆ ಕೇಳಿಸಿಯೇ ಬಿಟ್ಟರು.

ಮಾಸ್ತರು ಯಾರ ಕಡೆಗೂ ಓಟು ಹಾಕಲಿಲ್ಲ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಮಾತು ತೆಗೆದರು. ನಮ್ಮ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲೇ ಹುಟ್ಟಿದವರು, 1924ರಲ್ಲಿ. ಚಿಕ್ಕವರಿದ್ದಾಗಲೇ ದೊಡ್ಡ ಹೆಸರು. ಆಮೇಲೆ ಕ್ಷಯ ಬಂದು ವರ್ಷಗಟ್ಟಲೆ ಹಾಡಲಾಗಲಿಲ್ಲ. ವಾಪಸ್ ಬಂದಾಗ ಹಾಡಿಕೆಯೇ ಬೇರೆಯಾಗಿತ್ತು, ಗಿಡ್ಡ ಗಿಡ್ಡ ತಾನ್‌ಗಳು, ಮಾಳವದ ಜನಪದ, ನಿರ್ಗುಣಿ ಭಜನೆ. ‘ಆವಾಗಿಂದು ಚಲೋ, ಈವಾಗಿಂದು ಚಲೋ ಅಂತ ಹಿರೀರು ಇದೇ ಓಣ್ಯಾಗ ಜಗಳಾಡಿದ್ದು ನಾ ಕೇಳೇನಿ. ನನಗ ಎರಡೂ ಬೇಕ್ರಿ,’ ಅಂದರು. ಮಾಸ್ತರ ಮಾತು ದೊಡ್ಡದು. ಆದರೆ ನನಗೆ ಆರಿಸೋದರಲ್ಲೇ ಖುಷಿ. ಆರಿಸಬೇಕು ಅಂತ ಇದ್ದಾಗಲೇ ಕಿವಿ ಸರಿಯಾಗಿ ಕೆಲಸ ಮಾಡುತ್ತದೆ.

ನಮ್ಮ ರೀತಿಗೆ ಸಿಗದೇ ಹೋದದ್ದು 1974ರ ‘ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ’. ಎರಡು ರೆಕಾರ್ಡಿನ ಒಂದೇ ಕಥೆ, ನ್ಯೂಯಾರ್ಕಿನ ರಾಯೆಲ್ ಅನ್ನೋ ಹುಡುಗನದು. ಸಾಹಿತ್ಯ ಹೆಚ್ಚುಕಡಿಮೆ ಪೂರ್ತಿ ಗೇಬ್ರಿಯಲ್‌ನದೇ. ಇದನ್ನು ತುಂಡು ಮಾಡಿ ಹೋಲಿಸೋಕೆ ಆಗೋದಿಲ್ಲ. ‘ಕಾರ್ಪೆಟ್ ಕ್ರಾಲರ್ಸ್’ ಒಂದನ್ನು ‘ಸೆಕೆಂಡ್ಸ್ ಔಟ್’ ಜೊತೆ ಇಟ್ಟು ನೋಡಿದೆವು. ಕಾಲಿನ್ಸ್ ಚೆನ್ನಾಗಿ ಹಾಡಿದ್ದಾನೆ, ಆದರೆ ಕಥೆಯಿಂದ ಹೊರಗೆ ಬಿದ್ದ ಹಾಡಿಗೆ ತೂಕ ಕಡಿಮೆ. ಕಾಕಾನ ಪಕ್ಷಕ್ಕೆ ಇದೇ ದೊಡ್ಡ ಬಲ, ಅದನ್ನು ಒಪ್ಪುತ್ತೇನೆ. 1997ರಲ್ಲಿ ಕಾಲಿನ್ಸ್ ಬದಲು ರೇ ವಿಲ್ಸನ್ ಹಾಡಿದ ‘ಕಾಲಿಂಗ್ ಆಲ್ ಸ್ಟೇಷನ್ಸ್’ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಹಾಕಿದೆವು, ಗಿರ್ಮಿಟ್ ತಿಂದೆವು, ತೆಗೆದೆವು.

ಈಗ ಇಂಗ್ಲೆಂಡಿನದೇ ಇನ್ನೊಂದು ರಾಕ್ ಬ್ಯಾಂಡ್ ‘ಯೆಸ್’ ತೆಗೆದುಕೊಂಡಿದ್ದೇವೆ. ಅಲ್ಲಿ ಹಾಡುಗಾರ ಜಾನ್ ಆ್ಯಂಡರ್ಸನ್ 1980ರ ‘ಡ್ರಾಮಾ’ದಲ್ಲಿ ಇಲ್ಲ, 1983ರ ‘90125’ರಲ್ಲಿ ಮತ್ತೆ ಇದ್ದಾನೆ. ಸದ್ದು ನೋಡಿದರೆ ಅವನಿಲ್ಲದ ರೆಕಾರ್ಡೇ ಹಳೆಯದಕ್ಕೆ ಹತ್ತಿರ. ಹಾಡುವವನನ್ನು ನೋಡಿ ಗೆರೆ ಎಳೆಯಬಾರದು ಅನ್ನೋ ನನ್ನ ಮಾತಿಗೆ ಇದೂ ಸಾಕ್ಷಿ ಅಂತ ಹುಡುಗರಿಗೆ ಹೇಳಿದ್ದೇನೆ. ಕಾಕಾ ಹಳೆಯ ಸೀಡಿಗಳನ್ನು ಹುಡುಕಿ ಕೊಡುತ್ತೇನೆ ಅಂದಿದ್ದಾರೆ. ಗಣಪತಿ ಮುಗಿದು ಸ್ಪೀಕರುಗಳು ಅಂಗಡಿಗೆ ವಾಪಸ್ ಬಂದ ಮೇಲೆ ಶುರು.