ಹಳೆ ವೋಲ್ವೊಗೆ ಮನೆಯಲ್ಲೇ ಮದ್ದು: ಮೊದಲು ಫ್ಯೂಸ್ ನೋಡಿ, ಆಮೇಲೆ ಪರ್ಸ್ ತೆಗೆಯಿರಿ

"ವೋಲ್ವೊ ರಿಪೇರಿ ಮಾಡ್ತಾ ಇದ್ದೆ, ಅದಕ್ಕೇ ಫೋನ್ ಎತ್ತಲಿಲ್ಲ" ಅಂದರೆ ಹಾಸನದಲ್ಲಿರುವ ನಮ್ಮ ಸೋದರತ್ತೆಗೆ ಕಣ್ಣ ಮುಂದೆ ಬರುವುದು ಐರಾವತ ಬಸ್ಸು. "ಅಷ್ಟು ದೊಡ್ಡ ಬಸ್ಸನ್ನ ಮನೆ ಮುಂದೆ ಯಾಕಪ್ಪಾ ತಂದಿಟ್ಕೊಂಡಿದೀಯ?" ಎಂದು ಒಮ್ಮೆ ಕೇಳಿಯೂ ಬಿಟ್ಟರು. ನನ್ನದು ಬಸ್ಸಲ್ಲ. 1990ರ ವೋಲ್ವೊ 240, ಸ್ಟೇಷನ್ ವ್ಯಾಗನ್. ವೋಲ್ವೊ ಹುಟ್ಟಿದ ಊರು ಸ್ವೀಡನ್ನಿನ ಗೋಥೆನ್‌ಬರ್ಗ್. ಅಲ್ಲೇ ನಮ್ಮ ಮನೆ ಮುಂದೆ ನಿಂತಿದೆ.

1974ರಿಂದ 1993ರವರೆಗೆ ತಯಾರಾದ ಕಾರು ಇದು. ಹಳಬರು ವ್ಯಾಗನ್ನನ್ನು ಇನ್ನೂ 245 ಅಂತಲೇ ಕರೆಯುತ್ತಾರೆ: 2 ಅಂದರೆ ಸರಣಿ, 4 ಅಂದರೆ ಸಿಲಿಂಡರ್, 5 ಅಂದರೆ ಬಾಗಿಲು. ಇಂಜಿನ್ ಉದ್ದಕ್ಕೆ ಕೂತಿದೆ, ಓಡುವುದು ಹಿಂದಿನ ಚಕ್ರದಿಂದ. ಬಾನೆಟ್ ಎತ್ತಿದರೆ ಎರಡೂ ಪಕ್ಕ ಕೈ ಆಡಿಸಲು ಧಾರಾಳ ಜಾಗ. ಮನೆಯಲ್ಲೇ ಸ್ಪ್ಯಾನರ್ ಹಿಡಿಯುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಸಿಗುವುದು ಕಷ್ಟ.

ಮುಂದೆ ಹೇಳುವುದೆಲ್ಲ 2.3 ಲೀಟರಿನ ಬಿ230ಎಫ್ ಪೆಟ್ರೋಲ್ ಇಂಜಿನ್ ಇರುವ ಗಾಡಿಯ ಮಾತು. ನಾನು ಹೋಗುವ ಕ್ರಮ ಒಂದೇ: ಖರ್ಚಿಲ್ಲದ್ದು ಮೊದಲು, ಖರ್ಚಿನದ್ದು ಕೊನೆಗೆ.

ಎತ್ತುವ ಮುನ್ನ ಒಂದು ಮಾತು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಜಾಕ್ ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ನುಗ್ಗಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂಭಾಗ ಎತ್ತಿದರೆ ಅದು ಇದ್ದೂ ಇಲ್ಲದ ಹಾಗೆ. ಮುಂದಿನ ಚಕ್ರಕ್ಕೆ ಎರಡೂ ಕಡೆಯಿಂದ ಮರದ ತುಂಡು ಕೊಡಿ.

ಫ್ಯೂಸಿನ ಕಿಲುಬು

ಒಂದು ಫೆಬ್ರವರಿಯಲ್ಲಿ ಗಾಡಿ ಸ್ಟಾರ್ಟ್ ಆಗಲಿಲ್ಲ. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತೆ, ಇಂಜಿನ್ ಮಾತ್ರ ಹಿಡಿಯಲ್ಲ. ಗ್ಯಾರೇಜಿನವರು "ಪೆಟ್ರೋಲ್ ಪಂಪ್ ಹೋಗಿದೆ" ಅಂದರು. ಹೊಸದು ಹಾಕಿಸಿದೆ. ಎರಡು ವಾರ ಓಡಿ ಮತ್ತೆ ಅದೇ ಕಥೆ. ಕೊನೆಗೆ ನೋಡಿದರೆ ಪಂಪಿನ ಫ್ಯೂಸಿನ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಹಳೆ ಪಂಪ್ ಈಗಲೂ ಗೂಡಿನಲ್ಲಿದೆ, ಅದಕ್ಕೇನೂ ಆಗಿಲ್ಲ.

ಈ ಕಾರಿನ ಫ್ಯೂಸ್ ಪೆಟ್ಟಿಗೆ ಇರುವುದು ಡ್ರೈವರಿನ ಎಡಗಾಲಿನ ಪಕ್ಕದಲ್ಲಿ. ಹಿಮ ತುಳಿದ ಬೂಟು, ಕರಗಿದ ನೀರು, ಮೇಲಿನಿಂದ ಜಿನುಗುವ ತೇವ, ಎಲ್ಲ ಅದರ ಹತ್ತಿರವೇ. ಫ್ಯೂಸುಗಳು ಈಗಿನ ಹಾಗೆ ಚುಚ್ಚುವ ಬಗೆಯವಲ್ಲ. ಎರಡು ತುದಿ ಚೂಪಾದ ಪಿಂಗಾಣಿ ಕಡ್ಡಿಗಳು, ಹಿತ್ತಾಳೆಯ ನಾಲಿಗೆಗಳ ನಡುವೆ ಸಿಕ್ಕಿಕೊಂಡಿರುತ್ತವೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಒಂದೊಂದೇ ಫ್ಯೂಸ್ ತೆಗೆದು ನಾಲಿಗೆಗಳನ್ನು ನಯವಾದ ಎಮರಿ ಪೇಪರಿನಿಂದ ಉಜ್ಜಿ. ಸಡಿಲವಾದದ್ದನ್ನು ಒಂಚೂರು ಒಳಕ್ಕೆ ಬಗ್ಗಿಸಿ. ಕಾಂಟ್ಯಾಕ್ಟ್ ಸ್ಪ್ರೇ ಹೊಡೆದು, ಅದೇ ಆಂಪಿಯರಿನ ಹೊಸ ಫ್ಯೂಸ್ ಹಾಕಿ. ಆಮೇಲೆ ಚಳಿಗಾಲ ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಪ್ರತಿ ಫ್ಯೂಸನ್ನೂ ಬೆರಳಿನಿಂದ ಇದ್ದಲ್ಲೇ ತಿರುಗಿಸಿದರೆ ಸಾಕು.

ಫ್ಯೂಸ್ ಸರಿಯಿದ್ದೂ ಪಂಪ್ ಓಡದಿದ್ದರೆ ಅದರ ರಿಲೇ, ಅಂದರೆ ಪಂಪಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ಚಿನ ಡಬ್ಬಿ, ನೋಡಿ. ತಟ್ಟಿದರೆ ಗಾಡಿ ಸ್ಟಾರ್ಟ್ ಆಗುತ್ತದೆಯೇ? ಹಾಗಿದ್ದರೆ ಮುಚ್ಚಳ ತೆಗೆಯಿರಿ. ಒಳಗಿನ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಸೋಲ್ಡರ್ ಕಾಯಿಸಿ ಮುಟ್ಟಿಸಿದರೆ ಮುಗಿಯಿತು.

1989ರ ಆಮೇಲಿನ ಗಾಡಿಗಳಲ್ಲಿ ಇನ್ನೊಂದು ಸೌಲಭ್ಯ ಇದೆ. ಬಾನೆಟ್ ಕೆಳಗೆ ಒಂದು ಪುಟ್ಟ ಕಪ್ಪು ಡಬ್ಬಿ, ಅದರಲ್ಲೊಂದು ಗುಂಡಿ, ಒಂದು ಕೆಂಪು ದೀಪ. ಡಬ್ಬಿಯ ವೈರನ್ನು 2ನೇ ತೂತಿಗೆ ಚುಚ್ಚಿ, ಕೀ ಆನ್ ಮಾಡಿ, ಗುಂಡಿಯನ್ನು ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಒತ್ತಿ. ದೀಪ ಮಿಟುಕಿದ್ದನ್ನು ಎಣಿಸಿ. 1-1-1 ಬಂದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್‌ಗೆ ದೂರಿಲ್ಲ. 1-2-1 ಗಾಳಿ ಅಳೆಯುವ ಮೀಟರಿನದು, 1-2-3 ಕೂಲಂಟ್ ಬಿಸಿ ನೋಡುವ ಸೆನ್ಸರಿನದು, 2-1-2 ಹೊಗೆ ಕೊಳವೆಯ ಆಕ್ಸಿಜನ್ ಸೆನ್ಸರಿನದು. 1980ರಿಂದ 1987ರವರೆಗಿನ ಗಾಡಿ ಕೊಳ್ಳುವ ಯೋಚನೆ ಇದ್ದರೆ ಮೊದಲು ಇಂಜಿನ್ ಮೇಲಿನ ವೈರುಗಳನ್ನು ಬಗ್ಗಿಸಿ ನೋಡಿ. ಆ ವರ್ಷಗಳ ವೈರಿನ ಹೊದಿಕೆ ಹಳೆ ಹಪ್ಪಳದ ಹಾಗೆ ಪುಡಿಪುಡಿ ಆಗುತ್ತದೆ.

ಕೈಗವಸಿನ ಪರೀಕ್ಷೆ

ಇಂಜಿನ್ ಎಲ್ಲೆಲ್ಲೋ ಎಣ್ಣೆ ಸೋರುತ್ತಿದ್ದರೆ ಎಣ್ಣೆ ತಡೆಯುವ ರಬ್ಬರ್ ಸೀಲುಗಳನ್ನು ಬೈಯಬೇಡಿ. ಇಂಜಿನ್ ಹೊಟ್ಟೆಯಲ್ಲಿ ತುಂಬುವ ಗಾಳಿಗೆ ಹೊರಗೆ ಹೋಗಲು ಒಂದು ದಾರಿ ಇದೆ. ಆ ದಾರಿಯಲ್ಲಿ ಫ್ಲೇಮ್ ಟ್ರ್ಯಾಪ್ ಅನ್ನುವ ತೂತು ತೂತಿನ ಪ್ಲಾಸ್ಟಿಕ್ ಬಿಲ್ಲೆ ಕೂತಿರುತ್ತದೆ. ಅದು ಮಸಿ, ಜಿಡ್ಡು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಣ್ಣೆ ಸಿಕ್ಕ ಸಂದಿಯಿಂದ ಹೊರಬರುತ್ತದೆ. ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ತಾನಾಗೇ ಮೇಲೆದ್ದು ಬರುವುದೂ ಇದರಿಂದಲೇ.

ನೋಡುವುದು ಹೀಗೆ: ಇಂಜಿನ್ ಐಡಲ್‌ನಲ್ಲಿ ಓಡಲಿ. ಎಣ್ಣೆ ಹಾಕುವ ಮುಚ್ಚಳ ತೆಗೆದು, ಬಾಯಿಗೆ ತೆಳು ರಬ್ಬರ್ ಕೈಗವಸು ಸಿಕ್ಕಿಸಿ. ಒಳಕ್ಕೆ ಎಳೆದುಕೊಂಡರೆ ಕ್ಷೇಮ. ಬೆರಳೈದೂ ಎದ್ದು ನಿಂತು ನಿಮಗೆ ಟಾಟಾ ಮಾಡಿದರೆ ದಾರಿ ಕಟ್ಟಿದೆ ಅಂತ ಅರ್ಥ. ಬಿಲ್ಲೆ ಹೊಸದು ಹಾಕಿ. ಪೈಪುಗಳು ಗಟ್ಟಿಯಾಗಿದ್ದರೆ ಅವನ್ನೂ ಬದಲಿಸಿ. ಆದರೂ ಕೈಗವಸು ಉಬ್ಬಿದರೆ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಕೆಳಗಿರುವ ಎಣ್ಣೆ ಬೇರ್ಪಡಿಸುವ ಡಬ್ಬಿ ಕಟ್ಟಿರಬೇಕು. ಇದನ್ನು ಬಿಟ್ಟು ಹೊಸ ಸೀಲ್ ಹಾಕಿದರೆ ಅದೂ ಸೋರುತ್ತದೆ. ನಾನು ಹಾಕಿದ್ದೆ, ಸೋರಿತು.

ಟೈಮಿಂಗ್ ಬೆಲ್ಟ್

ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನಿಂದ, ವಾಲ್ವು ತೆರೆಯುವ ಕ್ಯಾಮ್ ಶಾಫ್ಟನ್ನು ತಾಳ ತಪ್ಪದೆ ತಿರುಗಿಸುವ ಹಲ್ಲಿನ ಬೆಲ್ಟ್ ಇದು. 80,000 ಕಿಲೋಮೀಟರಿಗೆ ಒಮ್ಮೆ ಬದಲಿಸಬೇಕು. ಒಂದು ಸಮಾಧಾನ ಏನೆಂದರೆ, ಬಿ230ಎಫ್‌ನಲ್ಲಿ ಬೆಲ್ಟ್ ತುಂಡಾದರೂ ವಾಲ್ವು ಪಿಸ್ಟನ್ನಿಗೆ ಬಡಿಯುವುದಿಲ್ಲ. ಗಾಡಿ ನಿಲ್ಲುತ್ತದೆ, ಅಷ್ಟೇ. ಮೊದಲ ಸಲಕ್ಕೆ ಒಂದು ಇಡೀ ಶನಿವಾರ ಇಟ್ಟುಕೊಳ್ಳಿ.

1. ಬ್ಯಾಟರಿ ಬಿಚ್ಚಿ. ಫ್ಯಾನು, ಅದರ ಸುತ್ತಲ ಪ್ಲಾಸ್ಟಿಕ್ ಬಳೆ, ಹೊರಗಿನ ಬೆಲ್ಟುಗಳು, ಮೇಲಿನ ಕವರ್ ತೆಗೆಯಿರಿ.

2. ಕ್ರ್ಯಾಂಕ್ ಬೋಲ್ಟಿಗೆ 24 ಎಂಎಂ ಸಾಕೆಟ್ ಹಾಕಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ, ಗುರುತುಗಳನ್ನು ಕೂಡಿಸಿ. ಗುರುತು ಇರುವುದು ಮೂರು: ಮೇಲೆ ಕ್ಯಾಮ್, ಕೆಳಗೆ ಕ್ರ್ಯಾಂಕ್, ಪಕ್ಕದಲ್ಲಿ ನಡುವಿನ ಶಾಫ್ಟ್. ಎಣ್ಣೆ ಪಂಪನ್ನೂ, ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರನ್ನೂ ತಿರುಗಿಸುವುದು ಈ ನಡುವಿನ ಶಾಫ್ಟೇ, ಜನ ಮರೆಯುವುದೂ ಇದನ್ನೇ. ಬಿಚ್ಚುವ ಮುಂಚೆ ಫೋಟೊ ತೆಗೆದುಕೊಳ್ಳಿ.

3. ಕ್ರ್ಯಾಂಕ್ ಬೋಲ್ಟ್ ಬಿಚ್ಚಿ, ಪುಲ್ಲಿ ಮತ್ತು ಕೆಳಗಿನ ಕವರ್ ತೆಗೆಯಿರಿ. ಬೋಲ್ಟ್ ಭಾರಿ ಹಠಮಾರಿ. ಪುಲ್ಲಿ ತಿರುಗದಂತೆ ಹಿಡಿಯುವ ಟೂಲ್ ಸಿಕ್ಕರೆ ಎರವಲು ತನ್ನಿ. ಬಿಚ್ಚುವಾಗ ಗುರುತು ಅಲ್ಲಾಡಿದ್ದರೆ ಮತ್ತೆ ಕೂಡಿಸಿ.

4. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿನ 17 ಎಂಎಂ ನಟ್ ಸಡಿಲಿಸಿ, ಸ್ಪ್ರಿಂಗ್ ಒತ್ತಿ, ಅದರ ಪಿನ್ನಿನ ತೂತಿಗೆ 3 ಎಂಎಂ ಡ್ರಿಲ್ ಬಿಟ್ ತೂರಿಸಿದರೆ ಸ್ಪ್ರಿಂಗ್ ಅಲ್ಲೇ ನಿಲ್ಲುತ್ತದೆ. ಹಳೆ ಬೆಲ್ಟ್ ಜಾರಿಸಿ. ಟೆನ್ಷನರಿನ ರೋಲರನ್ನು ಬೆರಳಿನಲ್ಲಿ ತಿರುಗಿಸಿ. ಗರಗರ ಅಂದರೆ ಅದಕ್ಕೂ ರಜೆ ಕೊಡಿ.

5. ಹೊಸ ಬೆಲ್ಟ್ ಕೂರಿಸುವುದು ಕ್ರ್ಯಾಂಕಿನಿಂದ ಶುರು, ಆಮೇಲೆ ನಡುವಿನ ಶಾಫ್ಟ್, ಆಮೇಲೆ ಕ್ಯಾಮ್, ಕೊನೆಗೆ ರೋಲರ್. ಡ್ರಿಲ್ ಬಿಟ್ ಎಳೆಯಿರಿ, ನಟ್ ಬಿಗಿಮಾಡಿ.

6. ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಮೂರೂ ಗುರುತು ಮತ್ತೆ ನೋಡಿ. ಟೆನ್ಷನರ್ ನಟ್ ಒಮ್ಮೆ ಸಡಿಲಿಸಿ, ಸ್ಪ್ರಿಂಗ್ ತಾನೇ ಎಳೆದುಕೊಳ್ಳಲು ಬಿಟ್ಟು, ಮತ್ತೆ ಬಿಗಿಮಾಡಿ. ಸುಮಾರು 1,000 ಕಿಲೋಮೀಟರ್ ಓಡಿದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಬೇಕು.

ಹಿಂಬಾಗಿಲಿನ ವೈರು

ಸೆಡಾನಿನವರಿಗೆ ಇಲ್ಲದ ತಲೆನೋವು ಇದು, ವ್ಯಾಗನ್ನಿಗೇ ಮೀಸಲು. ಮೊದಲು ಹಿಂದಿನ ವೈಪರ್ ನಿಲ್ಲುತ್ತದೆ. ಆಮೇಲೆ ನಂಬರ್ ಪ್ಲೇಟ್ ದೀಪ. ಆಮೇಲೆ ಗಾಜು ಬಿಸಿಮಾಡುವ ತಂತಿ. ಮೋಟರ್ ಹೋಯಿತು, ಬಲ್ಬ್ ಹೋಯಿತು ಅಂತ ಒಂದೊಂದೇ ಕೊಳ್ಳುವ ಮುಂಚೆ ಬಾಗಿಲನ್ನು ನಿಧಾನವಾಗಿ ಎತ್ತಿ ಇಳಿಸಿ. ಅರ್ಧದಲ್ಲಿ ವೈಪರ್ ಮಿಸುಕಿದರೆ ಕಳ್ಳ ಸಿಕ್ಕಿದ ಹಾಗೆ.

ಮೇಲೆ ಕೀಲುಗಳ ಹತ್ತಿರ ರಬ್ಬರ್ ತೋಳಿನೊಳಗೆ ವೈರುಗಳ ಕಟ್ಟು ಹೋಗುತ್ತದೆ. ಮೂವತ್ತು ವರ್ಷ ಬಾಗಿಲು ತೆಗೆದು ಹಾಕಿ, ಅಷ್ಟೂ ಬಾಗು ಅದೇ ನಾಲ್ಕು ಬೆರಳಿನ ಜಾಗದಲ್ಲಿ. ರಬ್ಬರ್ ಸರಿಸಿದಾಗ ನನಗೆ ಕಂಡದ್ದು: ಹೊದಿಕೆ ಬಳೆಬಳೆಯಾಗಿ ಒಡೆದಿತ್ತು, ಒಳಗಿನ ತಾಮ್ರ ಕಪ್ಪಾಗಿತ್ತು, ಎರಡು ವೈರು ಪೂರ್ತಿ ತುಂಡು, ಒಂದು ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.

ತಿರುಚಿ ಟೇಪ್ ಸುತ್ತಿದರೆ ಒಂದು ತಿಂಗಳು ಬಾಳುತ್ತದೆ. ಸರಿಯಾಗಿ ಮಾಡುವುದಾದರೆ ಬಾಗುವ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು. ಅಲ್ಲಿಗೆ ಸಿಲಿಕೋನ್ ಹೊದಿಕೆಯ, ಸಣ್ಣ ಎಳೆಗಳ ಮೆತ್ತನೆ ವೈರ್ ಹಾಕಿ. ದಪ್ಪ ಹಳೆಯದರಷ್ಟೇ ಇರಲಿ. ಗಾಜಿನ ಹೀಟರಿನ ವೈರ್ ಮಿಕ್ಕವಕ್ಕಿಂತ ದಪ್ಪ, ಅದಕ್ಕೆ ತೆಳ್ಳಗಿನದು ಹಾಕಿದರೆ ಸುಡುತ್ತದೆ. ಒಂದು ವೈರ್ ಕತ್ತರಿಸಿ, ಅದನ್ನು ಸೇರಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಎಲ್ಲ ಒಟ್ಟಿಗೆ ಕತ್ತರಿಸಿದರೆ ಮಾಸಿದ ಬಣ್ಣ ನೋಡಿ ಗೊತ್ತುಮಾಡುವುದು ದೇವರಿಗೂ ಆಗದು. ಬೆಸುಗೆ ಹಾಕಿದ ಜಾಗ ಕಡ್ಡಿಯಂತಾಗುವುದರಿಂದ ಅದು ಬಾಗುವ ಕಡೆ ಬರಬಾರದು. ಒಂದು ತುದಿ ಛಾವಣಿಯೊಳಗೆ, ಇನ್ನೊಂದು ಬಾಗಿಲೊಳಗೆ ಇರಲಿ. ಬೆಸುಗೆಗಳೆಲ್ಲ ಒಂದೇ ಕಡೆ ಬರದಂತೆ ಒಂದು ಹಿಂದೆ, ಒಂದು ಮುಂದೆ ಹಾಕಿ, ಇಲ್ಲದಿದ್ದರೆ ಗಂಟು ದಪ್ಪವಾಗಿ ರಬ್ಬರಿನೊಳಗೆ ತೂರುವುದಿಲ್ಲ.

ಎರಡು ಎಚ್ಚರ. ಒಳಗಿನ ಪ್ಲಾಸ್ಟಿಕ್ ಹಲಗೆಗಳನ್ನು ಚಳಿಯಲ್ಲಿ ಬಿಚ್ಚಬೇಡಿ, ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ಬಾಗಿಲು ಎತ್ತಿ ಹಿಡಿಯುವ ಗ್ಯಾಸ್ ಕಂಬಗಳನ್ನೂ ನಂಬಬೇಡಿ. ಪೊರಕೆ ಕೋಲು ಆನಿಸಿಡಿ. ನನ್ನ ನೆತ್ತಿ ಇದಕ್ಕೆ ಸಾಕ್ಷಿ.

ತುಕ್ಕು

ಇಲ್ಲಿ ಹಳೆ ಕಾರನ್ನು ಆಗಾಗ ಕಡ್ಡಾಯ ತಪಾಸಣೆಗೆ ಒಯ್ಯಬೇಕು. ಇಂಜಿನ್ ಎಷ್ಟೇ ಗಟ್ಟಿ ಇದ್ದರೂ ಸಿಲ್‌ (ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಉಕ್ಕಿನ ಪಟ್ಟಿ) ತುಕ್ಕು ಹಿಡಿದು ತೂತಾಗಿದ್ದರೆ ವಾಪಸ್ ಕಳಿಸುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪನ್ನು ವಸಂತ ಬಂದ ಕೂಡಲೇ ಕೆಳಗಿನಿಂದ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಟೊಳ್ಳು ಭಾಗಗಳಿಗೆ ತುಕ್ಕು ತಡೆಯುವ ಮೇಣ ಹೊಡೆಯಿರಿ. ಬಾಗಿಲುಗಳ ಅಡಿಯ ನೀರು ಹೋಗುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿ.

ವ್ಯಾಗನ್ನಿನ ಡಿಕ್ಕಿಯಲ್ಲಿ ನೆಲದ ಹಲಗೆ ಎತ್ತಿದರೆ ಪಕ್ಕದ ಗುಂಡಿಗಳು ಕಾಣುತ್ತವೆ. ಸ್ಟೆಪ್ನಿ ಕೆಳಗೆ ಕೈ ಹಾಕಿ ನೋಡಿ. ಒದ್ದೆ ಇದ್ದರೆ ಹಿಂಬಾಗಿಲ ರಬ್ಬರೋ, ಪಕ್ಕದ ಗಾಜಿನ ರಬ್ಬರೋ ಸೋರುತ್ತಿದೆ. ಯಾವುದೆಂದು ಹುಡುಕಲು ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಶುರುಮಾಡಿ ನಿಧಾನಕ್ಕೆ ಮೇಲೆ ಹೋಗಿ. ನಮ್ಮ ಗಾಡಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂರುವ ಮಕ್ಕಳ ಮಡಚು ಸೀಟು ಇನ್ನೂ ಇದೆ. ಹಾಗಾಗಿ ಟಾರ್ಚ್ ಕೆಲಸ ಮಗಳದ್ದು. "ಅಪ್ಪಾ, ಇಲ್ಲಿ ಬಂತು!" ಅಂತ ಒಳಗಿಂದ ಗಾಜು ಬಡಿಯುತ್ತಾಳೆ, ನಾನು ಅಲ್ಲಿಗೆ ಸೀಮೆಸುಣ್ಣದ ಗೀಟು ಹಾಕುತ್ತೇನೆ.