ಹೆಬ್ಬೆರಳಿಗೆ ಸಿಗುವ ಕುದುರೆ: ಹ್ಯಾಮರ್ ಇರುವ ಪಿಸ್ತೂಲು ಆರಿಸುವುದು ಹೇಗೆ?

ಕೋವಿಯ ಹಿಂಬದಿಯಲ್ಲಿ ಎದ್ದು ನಿಂತು, ಟ್ರಿಗರ್ ಎಳೆದ ತಕ್ಷಣ ಟಪ್ ಅಂತ ಬೀಳುವ ತುಂಡಿಗೆ, ಅಂದರೆ ಹ್ಯಾಮರ್‌ಗೆ, ನಮ್ಮ ಹಳಬರು ಇಟ್ಟ ಹೆಸರು ‘ಕುದುರೆ’. ನಮ್ಮ ಮಲೆನಾಡಿನ ಮನೆಯಲ್ಲಿ ಅಜ್ಜ ಕೋವಿಯನ್ನು ಗೋಡೆಗೆ ಒರಗಿಸುವ ಮೊದಲು ಕುದುರೆಯ ಮೇಲೆ ಹೆಬ್ಬೆರಳು ಆಡಿಸಿ ನೋಡುತ್ತಿದ್ದರು. ಎದ್ದಿದೆಯೋ, ಬಿದ್ದಿದೆಯೋ? ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತಿತ್ತು. ಈಗ ಟೆಕ್ಸಸ್‌ನಲ್ಲಿ ಕೂತು ಪಿಸ್ತೂಲಿನ ಬಗ್ಗೆ ಬರೆಯುವಾಗಲೂ ನನಗೆ ಆ ಹೆಬ್ಬೆರಳೇ ನೆನಪಾಗುತ್ತದೆ.

ಇಲ್ಲಿನ ಕನ್ನಡಿಗರಲ್ಲಿ ಮೊದಲ ಸಲ ಪಿಸ್ತೂಲು ಕೊಳ್ಳುವವರು ಕೇಳುವ ಪ್ರಶ್ನೆ ಒಂದೇ: ‘ಯಾವುದು ತಗೊಳ್ಳಲಿ ಮಾರಾಯ?’ ಅಂಗಡಿಯವರು ಸಾಮಾನ್ಯವಾಗಿ ಸ್ಟ್ರೈಕರ್ ಪಿಸ್ತೂಲನ್ನು ಮುಂದಿಡುತ್ತಾರೆ. ಗ್ಲಾಕ್ ಆ ಜಾತಿಯದು. ಅದರಲ್ಲಿ ಹೊರಗೆ ಕುದುರೆ ಇಲ್ಲ. ಸ್ಪ್ರಿಂಗ್ ಬಲದ ಮೊಳೆಯೊಂದು ಒಳಗೇ ಮುಂದಕ್ಕೆ ಚಿಮ್ಮಿ ಗುಂಡಿನ ಬುಡಕ್ಕೆ ಹೊಡೆಯುತ್ತದೆ. ಹಗುರ, ಸರಳ, ಪ್ರತಿ ಸಲವೂ ಟ್ರಿಗರ್ ಒಂದೇ ಥರ. ಒಳ್ಳೆಯ ಪಿಸ್ತೂಲುಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅಂಗಿಯೊಳಗೆ ಸೊಂಟದಲ್ಲಿ ಇಟ್ಟುಕೊಂಡು ಓಡಾಡಬೇಕು ಅನ್ನುವವರಿಗೆ ಕುದುರೆ ಇರುವುದನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿ ಅನ್ನುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಕಾನೂನು.

ಹೆಜ್ಜೆ 1: ಮೊದಲು ವೀಸಾ ನೋಡಿ

ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಗುಂಡುಗಳಿಗೂ ಇದೇ ನಿಯಮ. ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ ನಿಜ. ಆದರೆ ಗೆಳೆಯನ ಮಾತು ನಂಬಿ ಅದರ ಮೇಲೆ ಹೋಗಬೇಡಿ, ವಕೀಲರನ್ನು ಕೇಳಿ. ತಪ್ಪಾದರೆ ಹೋಗುವುದು ದಂಡದ ದುಡ್ಡಷ್ಟೇ ಅಲ್ಲ, ಗ್ರೀನ್ ಕಾರ್ಡ್ ಆಸೆಯೂ ಹೋಗುತ್ತದೆ. ಶೂಟಿಂಗ್ ರೇಂಜ್‌ಗೆ ಹೋಗಿ ಸುಮ್ನೆ ಎರಡು ಗುಂಡು ಹೊಡೆದು ಬರೋಣ ಅನ್ನುವವರಿಗೂ ಇದೇ ಮಾತು.

ಗ್ರೀನ್ ಕಾರ್ಡ್ ಇದ್ದವರು, ಪೌರತ್ವ ಸಿಕ್ಕವರು ಕೊಳ್ಳಬಹುದು. ಅಂಗಡಿಯಲ್ಲಿ 4473 ಅನ್ನುವ ಅರ್ಜಿ ತುಂಬಬೇಕು. ನಿಮ್ಮ ಹಿನ್ನೆಲೆಯನ್ನು ಅಲ್ಲೇ ಪರಿಶೀಲಿಸುತ್ತಾರೆ. ಅರ್ಜಿಯಲ್ಲಿ ಸುಳ್ಳು ಬರೆದರೆ ಅದೇ ಒಂದು ಅಪರಾಧ.

ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ ಪಿಸ್ತೂಲು ಒಯ್ಯಲು ಪ್ರತ್ಯೇಕ ಲೈಸೆನ್ಸ್ ಕಡ್ಡಾಯವಲ್ಲ. ಆದರೂ ಎಲ್‌ಟಿಸಿ ಅಂತ ಕರೆಯುವ ಲೈಸೆನ್ಸ್ ಮಾಡಿಸಿಕೊಳ್ಳಿ. ಅರ್ಜಿ ಶುಲ್ಕ 40 ಡಾಲರ್. ತರಗತಿಯಲ್ಲಿ ಕೂತು, 50 ಗುಂಡು ಹೊಡೆದು ಪಾಸಾಗಬೇಕು. ಅದನ್ನು ಒಪ್ಪುವ ಬೇರೆ ರಾಜ್ಯಗಳಿಗೆ ಹೋದಾಗ ಉಪಯೋಗಕ್ಕೆ ಬರುತ್ತದೆ. ಶಾಲೆಯಿಂದ 1,000 ಅಡಿಯೊಳಗೆ ಬಂದೂಕು ಒಯ್ಯಬಾರದು ಎನ್ನುವ ಫೆಡರಲ್ ನಿಯಮಕ್ಕೂ ನಿಮ್ಮ ರಾಜ್ಯದ ಲೈಸೆನ್ಸ್ ಇದ್ದರೆ ವಿನಾಯಿತಿ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಅಣ್ಣನ ಮನೆಗೆ ಹೊರಟಿದ್ದರೆ ಮಾತ್ರ ಪಿಸ್ತೂಲು ಮನೆಯಲ್ಲೇ ಇರಲಿ, ಆ ರಾಜ್ಯ ಹೊರಗಿನ ಯಾವ ಲೈಸೆನ್ಸನ್ನೂ ಒಪ್ಪುವುದಿಲ್ಲ. ಟೆಕ್ಸಸ್‌ನಲ್ಲೇ ಬಾಗಿಲ ಮೇಲೆ ದೊಡ್ಡ ಕೆಂಪು ಅಕ್ಷರದಲ್ಲಿ 51% ಅಂತ ಕಂಡರೆ ಅದು ಬಾರ್. ಅಲ್ಲಿಗೂ ಒಯ್ಯುವಂತಿಲ್ಲ.

ಹೆಜ್ಜೆ 2: ಕುದುರೆಯ ಜಾತಿ ತಿಳಿದುಕೊಳ್ಳಿ

ಹ್ಯಾಮರ್ ಪಿಸ್ತೂಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಿಂಗಲ್ ಆ್ಯಕ್ಷನ್‌ನಲ್ಲಿ ಟ್ರಿಗರ್ ಮಾಡುವುದು ಒಂದೇ ಕೆಲಸ, ಎದ್ದಿರುವ ಕುದುರೆಯನ್ನು ಬೀಳಿಸುವುದು. ಜಾನ್ ಬ್ರೌನಿಂಗ್ ರೂಪಿಸಿದ 1911 ಪಿಸ್ತೂಲು ಹೀಗೆ. ಹೆಸರಿನಲ್ಲಿರುವುದು ಅಮೆರಿಕದ ಸೇನೆ ಅದನ್ನು ಸ್ವೀಕರಿಸಿದ ವರ್ಷ. ಅದನ್ನು ಸೊಂಟದಲ್ಲಿಡುವವರು ಕುದುರೆ ಎತ್ತಿ, ಸೇಫ್ಟಿ (ಗುಂಡು ಹಾರದ ಹಾಗೆ ತಡೆಯುವ ಸಣ್ಣ ಸನ್ನೆ) ಹಾಕಿ ಇಟ್ಟುಕೊಳ್ಳುತ್ತಾರೆ. ಟ್ರಿಗರ್ ಬೆಣ್ಣೆಯ ಹಾಗೆ. ಆದರೆ ಹೊರತೆಗೆದಾಗ ಹೆಬ್ಬೆರಳು ಸೇಫ್ಟಿಯನ್ನು ಇಳಿಸುವುದನ್ನು ಒಮ್ಮೆಯೂ ಮರೆಯಬಾರದು. ವರ್ಷಗಟ್ಟಲೆ ಅಭ್ಯಾಸ ಬೇಕು. ಹೊಸಬರಿಗೆ ನಾನು ಹೇಳುವುದಿಲ್ಲ.

ಇನ್ನೊಂದು ಡಬಲ್-ಸಿಂಗಲ್. ಇದರಲ್ಲಿ ಕುದುರೆ ಮಲಗಿರುತ್ತದೆ. ಮೊದಲ ಗುಂಡಿಗೆ ಟ್ರಿಗರ್ ಉದ್ದಕ್ಕೆ, ಭಾರವಾಗಿ ಎಳೆಯಬೇಕು. ಆ ಎಳೆತವೇ ಕುದುರೆಯನ್ನು ಎಬ್ಬಿಸಿ ಬೀಳಿಸುತ್ತದೆ. ಗುಂಡು ಹಾರಿದ ಮೇಲೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಹಿಂದೆ ಬಂದು ಕುದುರೆಯನ್ನು ತಾನೇ ಎತ್ತಿ ಕೂರಿಸುತ್ತದೆ. ಎರಡನೆಯದರಿಂದ ಮುಂದೆ ಎಳೆತ ಹಗುರ. ಲೆಕ್ಕದಲ್ಲಿ ಹೇಳುವುದಾದರೆ ಮೊದಲನೆಯದು ಸುಮಾರು 10–12 ಪೌಂಡ್, ಆಮೇಲಿನದು 4–5 ಪೌಂಡ್. 5 ಕೆಜಿ ಅಕ್ಕಿಯ ಚೀಲವನ್ನು ಒಂದೇ ಬೆರಳಲ್ಲಿ ಎತ್ತಿ, ಮರುಕ್ಷಣ 2 ಕೆಜಿ ಚೀಲ ಎತ್ತಿದ ಹಾಗೆ. ಬೆರೆಟಾ 92, ಸಿಗ್ ಪಿ229, ಸಿಝಡ್ ಪಿ-01 ಎಲ್ಲ ಈ ಗುಂಪಿನವು.

ಹ್ಯಾಮರ್ ಇದ್ದರೂ ಅದು ಒಳಗೇ ಹುದುಗಿರುವ ಜೇಬಿನ ಪಿಸ್ತೂಲುಗಳಿವೆ. ರೂಗರ್ ಎಲ್‌ಸಿಪಿ ಅಂಥದ್ದು. ಹೆಬ್ಬೆರಳಿಗೆ ಸಿಗದ ಕುದುರೆ ನಮ್ಮ ಲೆಕ್ಕಕ್ಕಿಲ್ಲ.

ಹೆಜ್ಜೆ 3: ಹೆಬ್ಬೆರಳಿನ ಗುಟ್ಟು

ನನ್ನ ಪ್ರಕಾರ ಕುದುರೆ ಬೇಕು ಅನ್ನುವುದಕ್ಕೆ ದೊಡ್ಡ ಕಾರಣ ಇದೇ. ಪಿಸ್ತೂಲನ್ನು ಹೊರತೆಗೆಯುವಾಗಿನದಕ್ಕಿಂತ ಹೋಲ್‌ಸ್ಟರ್‌ಗೆ (ಪಿಸ್ತೂಲು ಇಡುವ ಸೊಂಟದ ಒರೆಗೆ) ವಾಪಸ್ ಸೇರಿಸುವಾಗ ಎಚ್ಚರ ಜಾಸ್ತಿ ಬೇಕು. ಸೊಂಟದೊಳಗಿನ ಹೋಲ್‌ಸ್ಟರ್ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಎಡಗೈಯಲ್ಲಿ ಅಂಗಿ ಎತ್ತಿ ಹಿಡಿದಿರುತ್ತೀರಿ. ಅಂಗಿಯ ಅಂಚು ಒಂಚೂರು ಜಾರಿ ಟ್ರಿಗರ್ ಸುತ್ತಲಿನ ಬಳೆಯ, ಅಂದರೆ ಟ್ರಿಗರ್ ಗಾರ್ಡ್‌ನ, ಒಳಗೆ ಮಡಚಿಕೊಳ್ಳುತ್ತದೆ. ನೀವು ಒಳಕ್ಕೆ ತಳ್ಳುತ್ತೀರಿ, ಬಟ್ಟೆ ಟ್ರಿಗರನ್ನು ಹಿಂದಕ್ಕೆ ಎಳೆಯುತ್ತದೆ. ನಳಿಗೆ ಆಗ ನಿಮ್ಮ ತೊಡೆಯ ಕಡೆ ನೋಡುತ್ತಿರುತ್ತದೆ.

ಡಬಲ್-ಸಿಂಗಲ್ ಪಿಸ್ತೂಲಿನಲ್ಲಿ ಹೀಗೆ ಮಾಡಿ. ಕುದುರೆ ಮಲಗಿರಲಿ. ಬೆರಳು ಟ್ರಿಗರ್‌ನಿಂದ ದೂರ, ಫ್ರೇಮಿನ (ಪಿಸ್ತೂಲಿನ ಮೈಯ) ಮೇಲೆ ನೇರವಾಗಿ ಇರಲಿ. ಹೆಬ್ಬೆರಳನ್ನು ಕುದುರೆಯ ಬೆನ್ನಿಗೆ ಒತ್ತಿ ಹಿಡಿದು, ನಿಧಾನಕ್ಕೆ ಒಳಗೆ ಇಳಿಸಿ. ಬಟ್ಟೆ ಟ್ರಿಗರ್‌ಗೆ ಸಿಕ್ಕಿದ್ದರೆ ಕುದುರೆ ಏಳಲು ನೋಡುತ್ತದೆ, ಹೆಬ್ಬೆರಳಿಗೆ ತಳ್ಳಿದ ಹಾಗಾಗುತ್ತದೆ. ಅಲ್ಲೇ ನಿಲ್ಲಿಸಿ, ಹೊರಗೆ ತೆಗೆದು, ಅಂಗಿ ಸರಿ ಮಾಡಿಕೊಳ್ಳಿ. ಹೆಬ್ಬೆರಳು ಒತ್ತಿಕೊಂಡಿರುವವರೆಗೆ ಕುದುರೆ ಏಳುವುದೇ ಇಲ್ಲ. ಸ್ಟ್ರೈಕರ್ ಪಿಸ್ತೂಲು ಸಾಮಾನ್ಯವಾಗಿ ಇಂಥ ಮುನ್ಸೂಚನೆ ಕೊಡುವುದಿಲ್ಲ.

ನಮ್ಮ ಜುಬ್ಬಾದ ಅಂಚು ಈ ವಿಷಯದಲ್ಲಿ ಟೀ ಶರ್ಟಿಗಿಂತ ಕಿಲಾಡಿ. ಇನ್ನು ಪಂಚೆ ಉಟ್ಟ ದಿನ ಪಿಸ್ತೂಲಿನ ಯೋಚನೆಯೇ ಬೇಡ. ಗಟ್ಟಿ ಬೆಲ್ಟ್ ಇಲ್ಲದ ಸೊಂಟ ಹೋಲ್‌ಸ್ಟರನ್ನು ತಡೆಯುವುದಿಲ್ಲ.

ಹೆಜ್ಜೆ 4: ಡಿಕಾಕರ್ ಇದೆಯಾ ಕೇಳಿ

ಡಬಲ್-ಸಿಂಗಲ್ ಪಿಸ್ತೂಲಿಗೆ ಗುಂಡು ತುಂಬಲು ಸ್ಲೈಡ್ ಎಳೆದು ಬಿಟ್ಟಾಗ ಕುದುರೆ ಎದ್ದೇ ಇರುತ್ತದೆ. ಅದನ್ನು ಮಲಗಿಸಿ ಸೊಂಟಕ್ಕೆ ಇಡಬೇಕು. ಅದಕ್ಕೆ ಇರುವ ಸಣ್ಣ ಸನ್ನೆಯೇ ಡಿಕಾಕರ್. ಒತ್ತಿದರೆ ಕುದುರೆ ಕೆಳಗಿಳಿಯುತ್ತದೆ, ಗುಂಡು ಹಾರುವುದಿಲ್ಲ. ಹಾಗಂತ ನಳಿಗೆ ಎಲ್ಲೋ ನೋಡುತ್ತಿರುವಾಗ ಒತ್ತಬೇಡಿ. ಅದೂ ಒಂದು ಯಂತ್ರ ತಾನೆ?

ಡಿಕಾಕರ್ ಇಲ್ಲದವೂ ಇವೆ. ಸಿಝಡ್ 75 ಬಿ ಅಂಥದ್ದು, ಅದಕ್ಕಿರುವುದು ಸೇಫ್ಟಿ ಮಾತ್ರ. ಕುದುರೆ ಮಲಗಿಸಬೇಕಾದರೆ ಹೆಬ್ಬೆರಳಲ್ಲಿ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಬೇಕು. ಒಳಗೆ ಜೀವಂತ ಗುಂಡು ಇರುವಾಗ! ಬೆವರಿದ ಬೆರಳು ಜಾರಿತು ಅಂದರೆ ಗುಂಡು ಹಾರಿತು ಅಂತಲೇ ಅರ್ಥ. ಸೊಂಟದಲ್ಲಿ ಇಡುವುದಕ್ಕೆ ಅದೇ ಕಂಪನಿಯ ಪಿ-01 ಅಥವಾ ಪಿಸಿಆರ್ ನೋಡಿ, ಎರಡರಲ್ಲೂ ಡಿಕಾಕರ್ ಇದೆ. ಪಿ-07ರಲ್ಲಿ ಸೇಫ್ಟಿ ಬೇಕೋ ಡಿಕಾಕರ್ ಬೇಕೋ ನೀವೇ ಬದಲಿಸಿಕೊಳ್ಳಬಹುದು. ಸಿಗ್ ಪಿ229ರಲ್ಲಿ ಡಿಕಾಕರ್ ಹೆಬ್ಬೆರಳ ಪಕ್ಕದಲ್ಲೇ ಫ್ರೇಮಿನ ಮೇಲಿದೆ. ಬೆರೆಟಾ 92 ಎಫ್‌ಎಸ್‌ನಲ್ಲಿ ಸೇಫ್ಟಿ, ಡಿಕಾಕರ್ ಎರಡೂ ಒಂದೇ ಸನ್ನೆ, ಅದೂ ಸ್ಲೈಡಿನ ಮೇಲೆ. ಸಣ್ಣ ಕೈಯವರಿಗೆ ಅಲ್ಲಿಗೆ ಹೆಬ್ಬೆರಳು ಎಟುಕಿಸುವುದು ಕಷ್ಟ.

ಹೆಜ್ಜೆ 5: ಕೈಗೆ ಅಳತೆ ತೆಗೆದುಕೊಳ್ಳಿ

ಅಂಗಡಿಯಲ್ಲಿ ಪಿಸ್ತೂಲು ಖಾಲಿ ಇದೆ ಅಂತ ಅವರು ತೋರಿಸಿದರೂ ನೀವು ಮತ್ತೊಮ್ಮೆ ನೋಡಿ. ಆಮೇಲೆ ಹಿಡಿಯನ್ನು ಸರಿಯಾಗಿ ಹಿಡಿದು, ಕುದುರೆ ಮಲಗಿರುವಾಗ ತೋರುಬೆರಳನ್ನು ಟ್ರಿಗರ್‌ಗೆ ಚಾಚಿ. ಬೆರಳ ತುದಿಯ ಮೆತ್ತೆ ಪೂರ್ತಿ ಟ್ರಿಗರ್ ಮೇಲೆ ಕೂರಬೇಕು. ಉಗುರ ತುದಿ ಮಾತ್ರ ತಾಗಿದರೆ, ಹಿಡಿತ ಬದಲಿಸಬೇಕಾಗಿ ಬಂದರೆ, ಆ ಪಿಸ್ತೂಲು ನಿಮ್ಮದಲ್ಲ. ಡಬಲ್-ಸಿಂಗಲ್‌ನಲ್ಲಿ ಮೊದಲ ಎಳೆತಕ್ಕೆ ಟ್ರಿಗರ್ ತುಂಬ ಮುಂದಿರುತ್ತದೆ. ಪಿ-01ರ ಡಿಕಾಕರ್ ಕುದುರೆಯನ್ನು ಪೂರ್ತಿ ಮಲಗಿಸದೆ ಅರ್ಧದಲ್ಲಿ ನಿಲ್ಲಿಸುವುದರಿಂದ ಟ್ರಿಗರ್ ಸ್ವಲ್ಪ ಹತ್ತಿರ ಬರುತ್ತದೆ. ನನ್ನ ಬೆರಳು ಗಿಡ್ಡ. ನನಗೆ ಇದೇ ದೊಡ್ಡ ಸಮಾಧಾನ.

ತೂಕದ್ದು ಬೇರೆ ಕಥೆ. ಬೆರೆಟಾ 92 ಖಾಲಿಯಿದ್ದಾಗಲೇ 1 ಕೆಜಿಗೆ ಹತ್ತಿರ. ಪಿ-01 ಸುಮಾರು 800 ಗ್ರಾಂ. ಸ್ಟ್ರೈಕರ್ ಜಾತಿಯ ಸಿಗ್ ಪಿ365 ಸುಮಾರು 500 ಗ್ರಾಂ. ಹೊಡೆಯುವಾಗ ಭಾರ ಒಳ್ಳೆಯದು, ಪಿಸ್ತೂಲು ಕಡಿಮೆ ಎಗರುತ್ತದೆ. ದಿನವಿಡೀ ಹೊತ್ತು ತಿರುಗುವಾಗ ಅದೇ ಭಾರ ಸಾಕಪ್ಪಾ ಅನ್ನಿಸುತ್ತದೆ. ಇನ್ನೊಂದು ವಿಷಯ, ಅಂಗಿಯೊಳಗಿಂದ ಎದ್ದು ಕಾಣುವುದು ನಳಿಗೆ ಅಲ್ಲ, ಹಿಡಿ. ಗಿಡ್ಡ ನಳಿಗೆಯ ಹಿಂದೆ ಬೀಳಬೇಡಿ, ಹಿಡಿಯ ಉದ್ದ ನೋಡಿ. ಕುದುರೆಯ ಕೊಕ್ಕು ತುಂಬ ಚೂಪಾಗಿದ್ದರೆ ಅಂಗಿಗೂ ಹೊಟ್ಟೆಗೂ ಚುಚ್ಚುತ್ತದೆ. ಗುಂಡಗಿನದು, ಮೊಂಡಾದದ್ದು ವಾಸಿ.

ಕೈಯಲ್ಲಿ ಬಲ ಕಡಿಮೆ ಇರುವವರಿಗೆ ಒಂದು ಉಪಾಯ. ಸ್ಲೈಡ್ ಎಳೆಯುವ ಮೊದಲು ಕುದುರೆಯನ್ನು ಹೆಬ್ಬೆರಳಲ್ಲಿ ಎತ್ತಿಕೊಳ್ಳಿ. ಸ್ಲೈಡ್ ಆಗ ಕುದುರೆಯನ್ನು ಎಬ್ಬಿಸುವ ಕೆಲಸ ಮಾಡಬೇಕಿಲ್ಲ, ಸಲೀಸಾಗಿ ಬರುತ್ತದೆ. ಸ್ಟ್ರೈಕರ್ ಪಿಸ್ತೂಲಲ್ಲಿ ಈ ಅನುಕೂಲ ಇಲ್ಲ.

ಹೆಜ್ಜೆ 6: ಬಾಡಿಗೆಗೆ ಪಡೆದು ಹೊಡೆದು ನೋಡಿ

ಬಹಳಷ್ಟು ರೇಂಜ್‌ಗಳಲ್ಲಿ ಪಿಸ್ತೂಲು ಬಾಡಿಗೆಗೆ ಸಿಗುತ್ತದೆ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಊಟದ ಕಾಗದದ ತಟ್ಟೆಯೊಂದನ್ನು 7 ಗಜ ದೂರದಲ್ಲಿ ನೇತುಹಾಕಿ. ಎರಡು ಗುಂಡು ಹೊಡೆಯಿರಿ, ಮೊದಲನೆಯದು ಭಾರದ ಎಳೆತ, ಎರಡನೆಯದು ಹಗುರದ್ದು. ಡಿಕಾಕ್ ಮಾಡಿ. ಮತ್ತೆ ಎರಡು. ಹೀಗೆ ಹತ್ತು ಸಲ.

ನಾನು ಮೊದಲ ಸಲ ಹೀಗೆ ಹೊಡೆದಾಗ ಎರಡನೇ ಗುಂಡುಗಳೆಲ್ಲ ತಟ್ಟೆಯ ನಡುವೆ ಅಂಗೈಯಗಲದಲ್ಲಿ ಕೂತಿದ್ದವು. ಮೊದಲ ಗುಂಡುಗಳಲ್ಲಿ ಅರ್ಧದಷ್ಟು ತಟ್ಟೆಯಲ್ಲೇ ಇರಲಿಲ್ಲ. ಕೆಳಗೆ, ಎಡಕ್ಕೆ, ರಟ್ಟಿನ ಮೇಲೆ ಚೆಲ್ಲಾಪಿಲ್ಲಿ. ಭಾರದ ಟ್ರಿಗರನ್ನು ಎಳೆಯುವ ಅವಸರದಲ್ಲಿ ಇಡೀ ಮುಷ್ಟಿಯೇ ಬಿಗಿಯಾಗಿ ಪಿಸ್ತೂಲು ಬಾಗುತ್ತಿತ್ತು. ಕುದುರೆಯ ಪಿಸ್ತೂಲಿಗೆ ತೆರಬೇಕಾದ ಬೆಲೆ ಇದು. ಹೋಲ್‌ಸ್ಟರ್‌ಗೆ ಸೇರಿಸುವಾಗ ಕಾಯುವ ಅದೇ ಉದ್ದ ಎಳೆತ ಹೊಡೆಯುವಾಗ ಕಾಡುತ್ತದೆ. ಅದಕ್ಕೇ ತಟ್ಟೆಯ ತೂತು ಎಣಿಸುವಾಗ ಮೊದಲ ಗುಂಡುಗಳನ್ನು ಮಾತ್ರ ಎಣಿಸಿ. ಯಾವ ಪಿಸ್ತೂಲಲ್ಲಿ ಅವು ಜಾಸ್ತಿ ತಟ್ಟೆಯೊಳಗೆ ಬಿದ್ದವೋ ಅದನ್ನು ಕೊಳ್ಳಿ. ಎರಡನೇ ಗುಂಡು ಯಾರು ಹೊಡೆದರೂ ಚೆನ್ನಾಗಿಯೇ ಬೀಳುತ್ತದೆ.

ಕೊಂಡ ಮೇಲೆ ಮನೆಯಲ್ಲಿ ಖಾಲಿ ಪಿಸ್ತೂಲಿನಿಂದ ದಿನಾ ಹತ್ತು ನಿಮಿಷ ಅಭ್ಯಾಸ ಮಾಡಿ. ಗುಂಡುಗಳು ಆ ಕೋಣೆಯಲ್ಲೇ ಇರಬಾರದು. ಗುಂಡು ಕೂರುವ ಚೇಂಬರ್‌ಗೆ ಕಣ್ಣು ಹಾಕಿ, ಬೆರಳನ್ನೂ ಹಾಕಿ ನೋಡಿ. ಮುಂದಿನ ಗುರಿಕಡ್ಡಿಯನ್ನು ದಿಟ್ಟಿಸುತ್ತಾ, ಅದು ಅಲುಗಾಡದ ಹಾಗೆ ಟ್ರಿಗರನ್ನು ಕೊನೆವರೆಗೂ ಎಳೆಯಿರಿ. ಮೂರು ವಾರದಲ್ಲಿ ನನ್ನ ಗುಂಡುಗಳು ತಟ್ಟೆಗೆ ವಾಪಸ್ ಬಂದವು.

ಹೆಜ್ಜೆ 7: ಹೋಲ್‌ಸ್ಟರ್, ಲಾಕರ್, ಮತ್ತೆ ಬೆಂಗಳೂರಿನ ವಿಮಾನ

ಹೋಲ್‌ಸ್ಟರ್ ನಿಮ್ಮ ಪಿಸ್ತೂಲಿನ ಮಾದರಿಗೇ ಅಚ್ಚು ಹಾಕಿದ್ದಿರಲಿ. ಕೈಡೆಕ್ಸ್‌ನಂಥ ಗಟ್ಟಿ ಪ್ಲಾಸ್ಟಿಕ್ಕಿನದು ಒಳ್ಳೆಯದು. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಬೇಕು. ಪಿಸ್ತೂಲು ತೆಗೆದಾಗ ಬಾಯಿ ಮುಚ್ಚಿಕೊಳ್ಳುವ ಮೆತ್ತನೆ ಬಟ್ಟೆಯ ಚೀಲ ಬೇಡ. ಕುದುರೆಯ ಬೆನ್ನು ಮೇಲಿನಿಂದ ಬೆರಳಿಗೆ ಸಿಗುವ ಹಾಗಿರಬೇಕು, ಇಲ್ಲದಿದ್ದರೆ ಹೆಬ್ಬೆರಳಿನ ಇಷ್ಟೆಲ್ಲ ಕಥೆ ವ್ಯರ್ಥ.

ಸೊಂಟದಲ್ಲಿ ಇಲ್ಲದಾಗ ಪಿಸ್ತೂಲು ಬೀಗದೊಳಗೆ ಇರಲಿ. ಬೀರುವಿನ ಸೀರೆಗಳ ಕೆಳಗೆ ಬಚ್ಚಿಟ್ಟರೆ ಮಕ್ಕಳಿಗೆ ಗೊತ್ತಾಗಲ್ಲ ಅನ್ನುವವರು ತಮ್ಮ ಬಾಲ್ಯವನ್ನೇ ಮರೆತವರು. ನಾವು ಚಕ್ಕುಲಿ ಡಬ್ಬಿ ಹುಡುಕಿರಲಿಲ್ಲವೇ? ಅಜಾಗರೂಕತೆಯಿಂದ 17 ವರ್ಷದೊಳಗಿನ ಮಕ್ಕಳ ಕೈಗೆ ತುಂಬಿದ ಬಂದೂಕು ಸಿಗುವ ಹಾಗೆ ಮಾಡಿದರೆ ಟೆಕ್ಸಸ್ ಕಾನೂನಿನಲ್ಲಿ ಅದು ಅಪರಾಧ.

ಊರಿಗೆ ಹೊರಡುವವರಿಗೆ ಒಂದು ಮಾತು. ಇಲ್ಲಿ ಎಲ್ಲೆಲ್ಲೂ ಸಿಗುವ 9 ಎಂಎಂ ಪಿಸ್ತೂಲು ಭಾರತದಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ). ಇಲ್ಲಿನ ಲೈಸೆನ್ಸ್‌ಗೆ ಅಲ್ಲಿ ಬೆಲೆಯಿಲ್ಲ. ಪಿಸ್ತೂಲನ್ನು ಯಾರೂ ಮರೆತು ಒಯ್ಯುವುದಿಲ್ಲ ಬಿಡಿ. ಮರೆಯುವುದು ಗುಂಡನ್ನು. ರೇಂಜ್‌ಗೆ ಒಯ್ದ ಬ್ಯಾಗನ್ನೇ ಪ್ರಯಾಣಕ್ಕೂ ಬಳಸಿರುತ್ತಾರೆ, ಪಕ್ಕದ ಜೇಬಿನ ಹೊಲಿಗೆಯಲ್ಲಿ ಒಂದೇ ಒಂದು ತೋಟಾ ಸಿಕ್ಕಿಕೊಂಡಿರುತ್ತದೆ. ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಅದು ಕಂಡರೆ ಆಯುಧ ಕಾಯ್ದೆಯ ಕೇಸು, ರಜೆಯೆಲ್ಲ ಠಾಣೆ, ಕೋರ್ಟು. ನನ್ನ ರೇಂಜ್ ಬ್ಯಾಗ್ ಕಡುಗೆಂಪು ಬಣ್ಣದ್ದು. ಅದು ಗ್ಯಾರೇಜಿನ ಮೊಳೆಗೆ ನೇತಾಡುತ್ತಿರುತ್ತದೆ. ಸೂಟ್‌ಕೇಸುಗಳಿರುವ ಕೋಣೆಗೆ ಇವತ್ತಿನವರೆಗೆ ಬಂದಿಲ್ಲ.