ಐವತ್ತು ಬೈಟ್‌ನಲ್ಲಿ ಎಸ್3 ವಾಪಸ್: ನನ್ನ ಅನುಭವ

"ಫರ್ಮ್‌ವೇರ್‌ನವರೇ ಎಸ್3 ತೆಗೆದ ಮೇಲೆ ಲಿನಕ್ಸ್ ಕರ್ನಲ್ ತಲೆಕೆಳಗಾಗಿ ನಿಂತರೂ ಅದು ಬರಲ್ಲ." ಕೇಳಿದವರೆಲ್ಲ ಇದನ್ನೇ ಹೇಳಿದರು. (ಎಸ್3 ಅಂದರೆ ಮೆಮೊರಿಗೆ ಕರೆಂಟ್ ಕೊಟ್ಟು ಉಳಿದದ್ದನ್ನು ಬಹುತೇಕ ಆಫ್ ಮಾಡುವ ಆಳ ನಿದ್ದೆ; ಫರ್ಮ್‌ವೇರ್ ಅಂದರೆ ಬೋರ್ಡ್ ಮೇಲಿನ ಚಿಪ್‌ನಲ್ಲಿರುವ ಬಯಾಸ್ ತಂತ್ರಾಂಶ.) ಬರುತ್ತದೆ. ಎಲ್ಲ ಯಂತ್ರದಲ್ಲೂ ಅಲ್ಲ, ಆದರೆ ನನ್ನ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಬಂದಿದೆ. ಏಳು ತಿಂಗಳಾಯಿತು, ದಿನಕ್ಕೆ ನಾಲ್ಕೈದು ಸಲ ಮಲಗಿ ಏಳುತ್ತಿದೆ. ಮೊದಲು ಎಸ್2ಐಡಲ್‌ನಲ್ಲಿ (ಸಿಪಿಯು ಸುಮ್ಮನಿರುವ, ಯಂತ್ರ ಪೂರ್ತಿ ಆಫ್ ಆಗದ ಹಗುರ ನಿದ್ದೆ) ರಾತ್ರಿಯ ಎಂಟು ಗಂಟೆ ಅವಧಿಯಲ್ಲಿ ಬ್ಯಾಟರಿ ಶೇ. 20-25 ಇಳಿಯುತ್ತಿತ್ತು, ಬ್ಯಾಗಿನೊಳಗೆ ಯಂತ್ರ ಬೆಚ್ಚಗಿರುತ್ತಿತ್ತು. ಈಗ ಶೇ. 4 ಇಳಿದರೆ ಹೆಚ್ಚು.

ಬೂಟ್ ಲಾಗ್‌ನಲ್ಲಿ ಎಸಿಪಿಐ (ಯಂತ್ರಾಂಶ, ವಿದ್ಯುತ್ ನಿರ್ವಹಣೆಯ ವಿವರವನ್ನು ಫರ್ಮ್‌ವೇರ್ ಟೇಬಲ್‌ಗಳಲ್ಲಿ ಕರ್ನಲ್‌ಗೆ ಕೊಡುವ ವ್ಯವಸ್ಥೆ) ಪಿಎಂ ಸಾಲು "ಎಸ್0 ಎಸ್4 ಎಸ್5" ಅಂತ ಮಾತ್ರ ತೋರಿಸುತ್ತಿತ್ತು, ಅಂದರೆ ಎಚ್ಚರ, ಹೈಬರ್ನೇಟ್, ಆಫ್. ನಿದ್ದೆಯ ಬಗೆಗಳ ಪಟ್ಟಿಯಿರುವ ಮೆಮ್_ಸ್ಲೀಪ್ ಫೈಲ್‌ನಲ್ಲಿ ಡೀಪ್ (ಎಸ್3ಗೆ ಕರ್ನಲ್ ಇಟ್ಟ ಹೆಸರು) ಇಲ್ಲ. ಹೀಗಿರುವಾಗ ಬೂಟ್ ಸಾಲಿಗೆ ಮೆಮ್_ಸ್ಲೀಪ್_ಡಿಫಾಲ್ಟ್=ಡೀಪ್ ಹಾಕಿ ಪ್ರಯೋಜನವಿಲ್ಲ. ಪಟ್ಟಿಯಲ್ಲೇ ಇಲ್ಲದ್ದನ್ನು ಡಿಫಾಲ್ಟ್ ಮಾಡು ಅಂದರೆ ಕರ್ನಲ್ ಎಲ್ಲಿಂದ ತರಬೇಕು?

ಎಸಿಪಿಐ ಡಂಪ್ (ಟೇಬಲ್‌ಗಳ ನಕಲು) ತೆಗೆದು, ಮುಖ್ಯ ಟೇಬಲ್ಲಾದ ಡಿಎಸ್‌ಡಿಟಿಯನ್ನು ಡಿಸ್‌ಅಸೆಂಬಲ್ ಮಾಡಿದೆ. ಎಸ್‌ಎಸ್‌ಡಿಟಿಗಳನ್ನೆಲ್ಲ (ಪೂರಕ ಟೇಬಲ್‌ಗಳನ್ನು) ಮೈನಸ್-ಇ ಆಯ್ಕೆಯಲ್ಲಿ ಜೊತೆಗೆ ಕೊಡಿ. ಇಲ್ಲದಿದ್ದರೆ ಹೊರಗಿನ ಮೆಥಡ್‌ಗಳಿಗೆ ಎಷ್ಟು ಆರ್ಗ್ಯುಮೆಂಟ್ ಅನ್ನುವುದನ್ನು ಐಎಎಸ್‌ಎಲ್ (ಈ ಟೇಬಲ್‌ಗಳನ್ನು ಬಿಚ್ಚಿ ಕಟ್ಟುವ ಕಂಪೈಲರ್) ಊಹಿಸುತ್ತದೆ, ಊಹೆ ತಪ್ಪಿದ ಕಡೆ ಕೋಡ್ ಕಲಸುಮೇಲೋಗರ. ಹುಡುಕಿದಾಗ _ಎಸ್3 ಇರಲಿಲ್ಲ, ಅದರ ಜಾಗದಲ್ಲಿ ಎಕ್ಸ್‌ಎಸ್3 ಇತ್ತು. ಒಳಗಿನ ಪ್ಯಾಕೇಜ್ ಹಾಗೇ ಇದೆ: 5, 0, 0, 0. ಅಳಿಸಿಲ್ಲ, ಹೆಸರು ತಿದ್ದಿದ್ದಾರೆ ಅಷ್ಟೆ. ಕರ್ನಲ್ ಹುಡುಕುವುದು ಹೆಸರಿನಿಂದ, ಹೆಸರು ಸಿಗದಿದ್ದರೆ ಎಸ್3 ಇಲ್ಲವೆಂದೇ ಲೆಕ್ಕ. ಕೆಲವು ಯಂತ್ರಗಳಲ್ಲಿ ಇದೇ ಕೆಲಸವನ್ನು ಒಂದು ಇಫ್ ಷರತ್ತಿನೊಳಗೆ ಮಾಡಿರುತ್ತಾರೆ. ಷರತ್ತು ಸುಳ್ಳಾದರೆ ಹೆಸರು ಹುಟ್ಟುವುದೇ ಇಲ್ಲ.

ಮುಂದುವರಿಯುವ ಮೊದಲು, ಮಲಗುವಾಗ ಮತ್ತು ಎದ್ದಾಗ ಓಡುವ _ಪಿಟಿಎಸ್ ಮತ್ತು _ವೇಕ್ ಮೆಥಡ್‌ಗಳನ್ನು ಓದಿ. ಆರ್ಗ್ಯುಮೆಂಟ್ 3 (ಅಂದರೆ ಎಸ್3) ಆದಾಗ ಏನೋ ಮಾಡುವ ಸಾಲುಗಳು ಅಲ್ಲಿ ಉಳಿದಿದ್ದರೆ ಆಸೆ ಇಟ್ಟುಕೊಳ್ಳಬಹುದು. 4 ಮತ್ತು 5 ಮಾತ್ರ ಇದ್ದರೆ ಏಳುವ ದಾರಿಯನ್ನೇ ಕಿತ್ತಿರುವ ಸಾಧ್ಯತೆ ಹೆಚ್ಚು. ಮಲಗಿಸುವುದು ಸುಲಭ: ಕರ್ನಲ್ ತಾನು ಎದ್ದು ಮುಂದುವರಿಯಬೇಕಾದ ವಿಳಾಸವನ್ನು, ಫರ್ಮ್‌ವೇರ್ ಜೊತೆ ಹಂಚಿಕೊಂಡ ಟೇಬಲ್ಲಾದ ಎಫ್‌ಎಸಿಎಸ್‌ನಲ್ಲಿ ಬರೆದು, ಚಿಪ್‌ಸೆಟ್‌ನ ಪಿಎಂ1 ಕಂಟ್ರೋಲ್ ರಿಜಿಸ್ಟರ್‌ಗೆ ಪ್ಯಾಕೇಜ್‌ನ ಮೊದಲ ಸಂಖ್ಯೆಯ ಜೊತೆ ಸ್ಲೀಪ್ ಎನೇಬಲ್ ಬಿಟ್ ಹಾಕುತ್ತದೆ, ಮುಗಿಯಿತು. ಎಬ್ಬಿಸುವ ಹೊಣೆ ಫರ್ಮ್‌ವೇರ್‌ನದು. ಮೆಮೊರಿಯನ್ನು, ಅದು ತಾನೇ ಡೇಟಾ ಕಾಪಾಡಿಕೊಳ್ಳುವ ಸೆಲ್ಫ್ ರಿಫ್ರೆಶ್‌ನಿಂದ ಹೊರತಂದು, ಚಿಪ್‌ಸೆಟ್ ರಿಜಿಸ್ಟರ್‌ಗಳನ್ನು ಮತ್ತೆ ಬರೆದು, ಆ ವಿಳಾಸಕ್ಕೆ ಹಾರಬೇಕು. ಅಷ್ಟು ಕೋಡ್ ಅದರೊಳಗೆ ಇಲ್ಲದಿದ್ದರೆ ನಾವು ಯಾವ ಟೇಬಲ್ ಬರೆದರೂ ಕಪ್ಪು ಪರದೆಯೇ ಗತಿ.

ನಾನು ಮೊದಲು ಹಿಡಿದದ್ದು ಅಡ್ಡದಾರಿ, ದುಡ್ಡು ಹೋದದ್ದೂ ಅಲ್ಲೇ. ಸೆಟಪ್‌ನಲ್ಲಿ ಕಾಣದ "ಲೋ ಪವರ್ ಎಸ್0 ಐಡಲ್" ಆಯ್ಕೆಯ ಆಫ್‌ಸೆಟ್ (ಸ್ಥಾನ) ಹುಡುಕಿ, ಫರ್ಮ್‌ವೇರ್ ತನ್ನ ಸೆಟ್ಟಿಂಗ್ ಉಳಿಸಿಡುವ ಇಎಫ್‌ಐ ವೇರಿಯಬಲ್‌ನಲ್ಲಿ ಒಂದು ಬೈಟ್ ಬದಲಿಸಿದೆ. ಆಫ್‌ಸೆಟ್ ತೆಗೆದದ್ದು ಹಿಂದಿನ ಆವೃತ್ತಿಯ ಇಮೇಜ್‌ನಿಂದ, ಯಂತ್ರದಲ್ಲಿದ್ದದ್ದು ಹೊಸದು. ಬೈಟ್ ಬೇರೆಲ್ಲೋ ಬಿತ್ತು, ಬೋರ್ಡ್ ಉಸಿರೆತ್ತಲಿಲ್ಲ. ಹೊಸ ಬೋರ್ಡ್‌ಗೆ ಯಂತ್ರದ ಅರ್ಧದಷ್ಟು ಬೆಲೆ. ಅದರ ಬದಲು ಕೊಂಡ, ಫ್ಲ್ಯಾಶ್ ಚಿಪ್ಪಿಗೆ ನೇರವಾಗಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್, ಎಂಟು ಕಾಲಿನ ಕ್ಲಿಪ್, 1.8 ವೋಲ್ಟ್ ಅಡಾಪ್ಟರ್ ಮೂರೂ ಸೇರಿ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಅಡಾಪ್ಟರ್ ಬಿಡಬೇಡಿ: ನನ್ನ ಫ್ಲ್ಯಾಶ್ ಚಿಪ್ 1.8 ವೋಲ್ಟ್‌ನದು, ಪ್ರೋಗ್ರಾಮರ್ ಕೊಡುವುದು 3.3. ಈ ಥರದ ಕಪ್ಪು ಸರ್ಕ್ಯೂಟ್ ಬೋರ್ಡ್‌ನ ಪ್ರೋಗ್ರಾಮರ್‌ಗಳಲ್ಲಿ ಡೇಟಾ ಕಾಲುಗಳಿಗೆ 5 ವೋಲ್ಟ್ ಬರುವ ಹಳೇ ರೋಗವೂ ಇದೆ, ಕ್ಲಿಪ್ ಹಾಕುವ ಮೊದಲು ಮೀಟರ್ ಇಟ್ಟು ನೋಡಿ. ಬ್ಯಾಟರಿ ಮತ್ತು ಕಾಯಿನ್ ಸೆಲ್ ಎರಡನ್ನೂ ಕಳಚಿ, 16 ಎಂಬಿ ಚಿಪ್ಪನ್ನು ಮತ್ತೆ ಮತ್ತೆ ಓದಿ ಚೆಕ್‌ಸಮ್ ಹೋಲಿಸಿದೆ. ಮೊದಲ ಮೂರು ಓದು ಮೂರು ಥರ ಬಂದವು, ಕ್ಲಿಪ್ ಸರಿಯಾಗಿ ಕೂತಿರಲಿಲ್ಲ. ಓದು ಹೊಂದಿದ ಮೇಲೆ ಎನ್‌ವಿರ‍್ಯಾಮ್ (ಸೆಟಪ್ ಆಯ್ಕೆಗಳು ಉಳಿಯುವ ಜಾಗ) ಭಾಗವನ್ನಷ್ಟೇ ತಯಾರಕರ ಅಪ್‌ಡೇಟ್ ಇಮೇಜ್‌ನ ಖಾಲಿ ಭಾಗದಿಂದ ತುಂಬಿ ಮತ್ತೆ ಬರೆದೆ. ಇಡೀ ಅಪ್‌ಡೇಟ್ ಇಮೇಜ್ ಬರೆದಿದ್ದರೆ ಸೀರಿಯಲ್ ನಂಬರ್ ಇತ್ಯಾದಿ ಎಲ್ಲ ಹೋಗುತ್ತಿತ್ತು. ಆ ದಾರಿಗೆ ಅಂದೇ ಕೈಮುಗಿದೆ.

ಎರಡನೆಯದು ಎಲ್ಲರೂ ಹೇಳುವ ದಾರಿ, ಇಡೀ ಡಿಎಸ್‌ಡಿಟಿ ತಿದ್ದಿ, ಬೂಟ್‌ನ ಆರಂಭದಲ್ಲಿ ಕರ್ನಲ್ ಜೊತೆ ಲೋಡ್ ಆಗುವ ಇನಿಟ್‌ಆರ್‌ಡಿ ಮೂಲಕ ಕೊಡುವುದು. ಎಕ್ಸ್‌ಎಸ್3 ಅನ್ನು _ಎಸ್3 ಮಾಡಿದೆ, ಓಇಎಂ ರಿವಿಷನ್ (ಟೇಬಲ್‌ನ ಆವೃತ್ತಿ ಸಂಖ್ಯೆ) ಒಂದು ಏರಿಸಿದೆ. ಏರಿಸದಿದ್ದರೆ ಕರ್ನಲ್ ಹಳೆಯದನ್ನೇ ಇಟ್ಟುಕೊಳ್ಳುತ್ತದೆ. ಮತ್ತೆ ಕಂಪೈಲ್ ಮಾಡಿದಾಗ ಸುಮಾರು 20 ಎರರ್, ನೂರರ ಮೇಲೆ ವಾರ್ನಿಂಗ್. ವಾರ್ನಿಂಗ್‌ಗಳನ್ನು ಬಿಟ್ಟುಬಿಡಿ, ಎರರ್‌ಗಳಲ್ಲಿ ಮುಕ್ಕಾಲು ಎಕ್ಸ್‌ಟರ್ನಲ್ ಸಾಲುಗಳದೇ, ಅಂದರೆ ಬೇರೆ ಟೇಬಲ್‌ನ ಹೆಸರುಗಳನ್ನು ಸಾರುವ ಸಾಲುಗಳದು. ಎರಡು ಸಂಜೆ ಕೂತು ಸರಿಮಾಡಿದೆ. ಎಸ್3 ಬಂತು! ಎರಡು ವಾರ ಕುಣಿದಾಡಿದೆ.

ಆಮೇಲೆ ಮೆಮೊರಿ 8 ಜಿಬಿಯಿಂದ 16ಕ್ಕೆ ಏರಿಸಿದೆ, ಎಲ್ಲ ಹಾಳು. ಲಿಡ್ ಮುಚ್ಚಿದರೆ ಯಂತ್ರಕ್ಕೆ ಗೊತ್ತಾಗಲ್ಲ, ಬ್ಯಾಟರಿ ಯಾವಾಗಲೂ ಸೊನ್ನೆ ತೋರಿಸುತ್ತಿತ್ತು. ಕಾರಣ ಡಿಎಸ್‌ಡಿಟಿಯ ಮೇಲ್ಭಾಗದಲ್ಲೇ ಇತ್ತು: ಜಿಎನ್‌ವಿಎಸ್ ಅನ್ನುವ ಆಪರೇಷನ್ ರೀಜನ್ (ಟೇಬಲ್ ಓದಿ ಬರೆಯುವ ಮೆಮೊರಿ ತುಂಡು), ಸಿಸ್ಟಮ್ ಮೆಮೊರಿ, ಪಕ್ಕದಲ್ಲಿ ನೇರ ವಿಳಾಸ. ಅದು ಫ್ಲ್ಯಾಶ್‌ನಲ್ಲಿ ಬರೆದಿಟ್ಟ ಸ್ಥಿರ ಸಂಖ್ಯೆಯಲ್ಲ, ಪ್ರತಿ ಬೂಟ್‌ನಲ್ಲಿ ಫರ್ಮ್‌ವೇರ್ ಮೆಮೊರಿ ಹಂಚಿಕೊಂಡು ಟೇಬಲ್‌ನೊಳಗೆ ತುರುಕುವ ಸಂಖ್ಯೆ. ಮೆಮೊರಿ ಬದಲಾದರೆ, ಸೆಟಪ್ ಆಯ್ಕೆ ಬದಲಾದರೆ, ಅಪ್‌ಡೇಟ್ ಬಂದರೆ ವಿಳಾಸ ಸರಿಯುತ್ತದೆ. ನನ್ನ ಹೆಪ್ಪುಗಟ್ಟಿದ ಪ್ರತಿ ಹಳೇ ವಿಳಾಸವನ್ನೇ ಓದುತ್ತಾ, ಇನ್ಯಾರದೋ ಮೆಮೊರಿಯಲ್ಲಿ ಬರೆಯುತ್ತಾ ಕೂತಿತ್ತು. ಇನ್ನೊಬ್ಬರ ಡಿಎಸ್‌ಡಿಟಿ ಇಳಿಸಿಕೊಂಡು ಹಾಕುವವರು ಇದೊಂದನ್ನು ನೋಡಿದರೂ ಸಾಕು, ಆ ಅಭ್ಯಾಸ ಬಿಡುತ್ತಾರೆ.

ಇಷ್ಟಾದ ಮೇಲೆ ಹೊಳೆದದ್ದು: ಬೇಕಿರುವುದು ಒಂದು ಹೆಸರು, ಅದಕ್ಕೆ ಇಡೀ ಡಿಎಸ್‌ಡಿಟಿ ಯಾಕೆ? ಒಂದೇ ಸಾಲಿನ ಎಸ್‌ಎಸ್‌ಡಿಟಿ ಬರೆದೆ. ಬೇರು ನೇಮ್‌ಸ್ಪೇಸ್‌ನಲ್ಲಿ ನೇಮ್ _ಎಸ್3, ನಾಲ್ಕು ಅಂಶದ ಪ್ಯಾಕೇಜ್, 5, 0, 0, 0. ಕಂಪೈಲ್ ಆದ ಮೇಲೆ 36 ಬೈಟ್ ಹೆಡರ್, 14ರಷ್ಟು ಒಡಲು. ಡಿಎಸ್‌ಡಿಟಿಯಲ್ಲಿ _ಎಸ್3 ಇಲ್ಲದ್ದರಿಂದ ಹೆಸರಿನ ಘರ್ಷಣೆಯೂ ಇಲ್ಲ, ವಿಳಾಸ ಯಾವುದೂ ಇಲ್ಲದ್ದರಿಂದ ಹಳಸುವುದೂ ಇಲ್ಲ. "ಇಷ್ಟೇನಾ?" ಅಂತ ನಕ್ಕವರಿದ್ದಾರೆ. ಇಷ್ಟೇ.

ಆದರೂ ಇದು ಮೊದಲ ಏಟಿಗೆ ಬೀಳಲಿಲ್ಲ. ಬೂಟ್ ಆದ ಮೇಲೆ, ಓಡುತ್ತಿರುವ ಕರ್ನಲ್‌ಗೆ ಟೇಬಲ್ ಕೊಡುವ ಕಾನ್ಫಿಗ್‌ಎಫ್‌ಎಸ್ ಮೂಲಕ ತುಂಬಿದೆ, ಟೇಬಲ್ ಲೋಡ್ ಆಯಿತು, ಮೆಮ್_ಸ್ಲೀಪ್ ಕದಲಲಿಲ್ಲ. ಯಾವ ಯಾವ ನಿದ್ದೆ ಇದೆ ಅನ್ನುವ ಎಣಿಕೆ ಕರ್ನಲ್ ಬೂಟ್‌ನಲ್ಲಿ ಒಮ್ಮೆ ಮಾಡಿ ಮುಗಿಸುತ್ತದೆ, ತಡವಾಗಿ ಬಂದವರನ್ನು ಎಣಿಸಲ್ಲ. ಹಾಗಾಗಿ ಇದೂ ಇನಿಟ್‌ಆರ್‌ಡಿಯಿಂದಲೇ ಹೋಗಬೇಕು. ಕರ್ನಲ್‌ನಲ್ಲಿ ಎಸಿಪಿಐ ಟೇಬಲ್ ಅಪ್‌ಗ್ರೇಡ್ ಆಯ್ಕೆ ಇರಲಿ. ಕರ್ನಲ್, ಫರ್ಮ್‌ವೇರ್, ಎಸಿಪಿಐ ಎಂದು ಒಂದರೊಳಗೊಂದು ಡೈರೆಕ್ಟರಿ, ಅದರೊಳಗೆ ಎಎಂಎಲ್ (ಕಂಪೈಲ್ ಆದ ಟೇಬಲ್) ಫೈಲ್, ಇದೆಲ್ಲ ನ್ಯೂಸಿ ಮಾದರಿಯ ಸಿಪಿಐಒ ಆರ್ಕೈವ್ ಆಗಬೇಕು, ಕಂಪ್ರೆಸ್ ಮಾಡಬಾರದು. ಮುಖ್ಯ ಇನಿಟ್‌ಆರ್‌ಡಿಯ ಕಂಪ್ರೆಸ್ ಆದ ಭಾಗಕ್ಕಿಂತ ಮುಂದೆ ಬರಬೇಕು. ಸಿಪಿಯುವಿನ ಮೈಕ್ರೋಕೋಡ್‌ಗಿಂತ ಮೊದಲೋ ಆಮೇಲೋ ಅನ್ನುವುದು ಲೆಕ್ಕಕ್ಕಿಲ್ಲ. ಬೂಟ್‌ಲೋಡರ್ ಗ್ರಬ್‌ನಲ್ಲಿ ಅರ್ಲಿ ಇನಿಟ್‌ಆರ್‌ಡಿ ಕಸ್ಟಮ್ ಸಾಲಿದೆ, ಇನಿಟ್‌ಆರ್‌ಡಿ ಕಟ್ಟುವ ಡ್ರಾಕಟ್‌ನಲ್ಲಿ ಎಸಿಪಿಐ_ಓವರ್‌ರೈಡ್ ಆಯ್ಕೆ ಇದೆ. ಸೆಕ್ಯೂರ್ ಬೂಟ್‌ನಿಂದ ಕರ್ನಲ್ ಲಾಕ್‌ಡೌನ್ ಆಗಿದ್ದರೆ ಟೇಬಲ್ಲನ್ನು ಕಡೆಗಣಿಸಿದೆ ಎಂದು ಲಾಗ್‌ನಲ್ಲಿ ಒಂದು ಸಾಲು ಬಿದ್ದಿರುತ್ತದೆ. ನಾನು ಆ ಸಾಲನ್ನು ನೋಡದೆ ಒಂದು ಭಾನುವಾರ ಕಳೆದೆ.

ಇನ್ನೊಂದು ಎಡವಟ್ಟು ಹೆಡರ್‌ನಲ್ಲಿ. ಸೋಮಾರಿತನಕ್ಕೆ ಯಂತ್ರದ್ದೇ ಒಂದು ಎಸ್‌ಎಸ್‌ಡಿಟಿಯ ಓಇಎಂ ಐಡಿ, ಟೇಬಲ್ ಐಡಿ ನಕಲು ಮಾಡಿ, ಅಭ್ಯಾಸಬಲದಿಂದ ರಿವಿಷನ್ ಏರಿಸಿದ್ದೆ. ಸಹಿ (ಟೇಬಲ್‌ನ ಬಗೆ ಹೇಳುವ ನಾಲ್ಕಕ್ಷರ) ಮತ್ತು ಎರಡೂ ಐಡಿ ಹೊಂದಿ ರಿವಿಷನ್ ಹೆಚ್ಚಿದ್ದರೆ ಕರ್ನಲ್ ಅದನ್ನು ಹೊಸ ಟೇಬಲ್ ಅಂದುಕೊಳ್ಳಲ್ಲ, ಹಳೆಯದರ ಬದಲಿ ಅಂದುಕೊಳ್ಳುತ್ತದೆ. ಎಸ್3 ಬಂತು, ಟೈಪ್-ಸಿ ಪೋರ್ಟ್‌ನ ಟೇಬಲ್ ಹೋಯಿತು. ಟೇಬಲ್ ಐಡಿ ನಿಮ್ಮದೇ ಕೊಡಿ, ಬೇರೆ ಯಾವುದಕ್ಕೂ ಹೊಂದಬಾರದು.

ಈಗ ಲಾಗ್‌ನಲ್ಲಿ "ಎಸ್0 ಎಸ್3 ಎಸ್4 ಎಸ್5". ಎಫ್‌ಎಡಿಟಿಯಲ್ಲಿ (ಇನ್ನೊಂದು ಎಸಿಪಿಐ ಟೇಬಲ್) ಲೋ ಪವರ್ ಎಸ್0 ಫ್ಲ್ಯಾಗ್ ಇನ್ನೂ ಇರುವುದರಿಂದ ಡಿಫಾಲ್ಟ್ ಎಸ್2ಐಡಲ್ಲೇ ಆಗಿರುತ್ತದೆ. ಮೆಮ್_ಸ್ಲೀಪ್_ಡಿಫಾಲ್ಟ್=ಡೀಪ್ ಕೆಲಸಕ್ಕೆ ಬರುವುದು ಈ ಹಂತದಲ್ಲಿ. ಟೇಬಲ್ ಸೇರಿಸಿದ್ದಕ್ಕೆ ಕರ್ನಲ್ ಟೇಂಟ್ ಆಗುತ್ತದೆ (ಕಲಬೆರಕೆ ಗುರುತು ಬೀಳುತ್ತದೆ), ಬಗ್ ವರದಿ ಮಾಡುವಾಗ ಟೇಬಲ್ ತೆಗೆದು ಮರುಕಳಿಸಿ ನೋಡಿ.

ಮೊದಲ ಸಲವೇ ಲಿಡ್ ಮುಚ್ಚಬೇಡಿ. ನಿದ್ದೆಯ ಹಂತಗಳನ್ನು ಪರೀಕ್ಷಿಸುವ ಪಿಎಂ_ಟೆಸ್ಟ್‌ಗೆ ಫ್ರೀಜರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್ ಎಂದು ಒಂದೊಂದೇ ಬರೆದು ಮಲಗಿಸಿ, ಐದು ಸೆಕೆಂಡಿಗೆ ತಾನೇ ಏಳುತ್ತದೆ. ಕೋರ್ ದಾಟಿಯೂ ನಿಜವಾದ ನಿದ್ದೆಯಿಂದ ಏಳದಿದ್ದರೆ ಡ್ರೈವರ್‌ಗಿಂತ ಮೊದಲು ಫರ್ಮ್‌ವೇರ್ ಮೇಲೆ ಅನುಮಾನಪಡಿ. ಆಮೇಲೆ ಗಡಿಯಾರದಿಂದ ಎಬ್ಬಿಸುವ ಆರ್‌ಟಿಸಿವೇಕ್‌ನಲ್ಲಿ 30 ಸೆಕೆಂಡ್ ಮಲಗಿಸಿ. ಏಳುವಾಗ ಎಲ್ಲಿ ನಿಂತಿತು ಎಂದು ಗುರುತಿಡುವ ಪಿಎಂ_ಟ್ರೇಸ್ ಕೂಡ ಒಮ್ಮೆ ಆಡಿ ನೋಡಿದೆ. ಅದು ಗುರುತನ್ನು ಆರ್‌ಟಿಸಿ ಗಡಿಯಾರದಲ್ಲೇ ಬಚ್ಚಿಡುವುದರಿಂದ ಮುಂದಿನ ಬೂಟ್‌ನಲ್ಲಿ ತಾರೀಖು ಎಲ್ಲೆಲ್ಲೋ ಹೋಗಿ ಬ್ರೌಸರ್ ಸರ್ಟಿಫಿಕೇಟ್ ಎರರ್ ಸುರಿಸಿತು.

ಎದ್ದ ಮೇಲೆ ಮೂರು ಕಾಟ ಉಳಿದವು. ಮಲಗಿದ ಎರಡೇ ಸೆಕೆಂಡಿಗೆ ಏಳುತ್ತಿತ್ತು, ಪ್ರೊಕ್ ಎಸಿಪಿಐ ವೇಕಪ್ ಫೈಲ್‌ನಲ್ಲಿ ಎಕ್ಸ್‌ಎಚ್‌ಸಿ (ಯುಎಸ್‌ಬಿ ಕಂಟ್ರೋಲರ್) ಆಫ್ ಮಾಡಿದರೆ ಸರಿ. ಅದು ಟಾಗಲ್, ಎರಡು ಸಲ ಬರೆದರೆ ಮತ್ತೆ ಹೊತ್ತಿಕೊಳ್ಳುತ್ತದೆ, ಬೂಟ್ ಆದಾಗಲೆಲ್ಲ ಒಮ್ಮೆ ಬರೆಯಬೇಕು. ಟಿಪಿಎಂ (ಕೀಲಿಗಳನ್ನು ಕಾಯುವ ಭದ್ರತಾ ಚಿಪ್) ಎರರ್ 256 ಕೊಡುತ್ತಿತ್ತು. ಏಳುವಾಗ ಫರ್ಮ್‌ವೇರ್ ಕಳಿಸಬೇಕಾದ ಸ್ಟಾರ್ಟಪ್ ಆಜ್ಞೆ ಹೋಗಿಲ್ಲ ಅಂತ ಅರ್ಥ. ಮಾಡ್ಯೂಲ್ ಕಳಚಿ ಮತ್ತೆ ಹಾಕಿದರೆ ಡ್ರೈವರೇ ಸ್ಟಾರ್ಟಪ್ ಕಳಿಸುತ್ತದೆ, ಆದರೆ ಬೂಟ್‌ನ ಅಳತೆಗಳನ್ನು ಇಟ್ಟುಕೊಂಡಿರುವ ಪಿಸಿಆರ್‌ಗಳು ಹೊಸದಾಗಿ ಶುರುವಾಗಿರುತ್ತವೆ. ಪಿಸಿಆರ್‌ಗೆ ಸೀಲ್ ಮಾಡಿದ ಕೀ ಮುಂದಿನ ಬೂಟ್‌ವರೆಗೆ ತೆರೆಯಲ್ಲ. ತೆರೆದಿದ್ದ ಡಿಸ್ಕ್‌ಗೆ ಇದರಿಂದ ತೊಂದರೆಯಿಲ್ಲ. ಮೂರನೆಯದು ಫ್ಯಾನ್, ಎದ್ದ ಮೇಲೆ ಪೂರ್ತಿ ವೇಗದಲ್ಲಿ ಊದುತ್ತಿತ್ತು. ಇಸಿ_ಸಿಸ್ ಮಾಡ್ಯೂಲ್‌ನಿಂದ (ಫ್ಯಾನ್, ಬ್ಯಾಟರಿ ನೋಡಿಕೊಳ್ಳುವ) ಎಂಬೆಡೆಡ್ ಕಂಟ್ರೋಲರ್‌ನ 256 ಬೈಟ್‌ಗಳನ್ನು ಮಲಗುವ ಮೊದಲು, ಎದ್ದ ಮೇಲೆ ಎರಡು ಸಲ ಓದಿ ಹೋಲಿಸಿದರೆ ತಪ್ಪಿತಸ್ಥ ಬೈಟ್ ಸಿಗುತ್ತದೆ. ಯಾವ ಬೈಟ್, ಏನು ಬರೆದೆ ಅನ್ನುವುದನ್ನು ಇಲ್ಲಿ ಹೇಳಲ್ಲ. ಕಂಟ್ರೋಲರ್ ಬದಲಾದರೆ ಅದೇ ಬೈಟ್ ಚಾರ್ಜಿಂಗ್‌ನದಾಗಿರಬಹುದು, ನಕಲು ಮಾಡಿ ಬ್ಯಾಟರಿ ಕೆಡಿಸಿಕೊಂಡರೆ ಬೈಗುಳ ನನಗೆ.

ಹುಮ್ಮಸ್ಸಿಗೆ ಇದೇ ಫೈಲನ್ನು ಒಂದು ಎಎಂಡಿ ಯಂತ್ರಕ್ಕೂ ಹಾಕಿದೆ. ನಿದ್ದೆಗೆ ಕಳಿಸಿದರೆ ಟಪ್ ಅಂತ ಆಫ್. ಇಂಟೆಲ್‌ನಲ್ಲಿ ಎಸ್3ಕ್ಕೆ 5, ಎಸ್5ಕ್ಕೆ 7. ಎಎಂಡಿಯಲ್ಲಿ ಎಸ್3ಕ್ಕೆ 3, ಎಸ್5ಕ್ಕೇ 5. "ಮಲಗು" ಅನ್ನುವ ಬದಲು "ಸತ್ತುಹೋಗು" ಅಂದಿದ್ದೆ. 3 ಹಾಕಿದ ಮೇಲೆ ಮಲಗಿತು, ಏಳಲಿಲ್ಲ. ಅದರ _ವೇಕ್‌ನಲ್ಲಿ 3ರ ಸಾಲೇ ಇರಲಿಲ್ಲ, ಮೊದಲೇ ಓದಿದ್ದರೆ ಒಂದು ಸಂಜೆ ಉಳಿಯುತ್ತಿತ್ತು. ಸಂಖ್ಯೆ ಊಹಿಸಬೇಡಿ, ನಿಮ್ಮ ಟೇಬಲ್‌ನ ಎಕ್ಸ್‌ಎಸ್3ರಿಂದಲೇ ಎತ್ತಿಕೊಳ್ಳಿ.

ಈ ಏಳು ತಿಂಗಳಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಎರಡು ಬಂದವು, ಟೇಬಲ್ ಮುಟ್ಟಬೇಕಾಗಿ ಬರಲಿಲ್ಲ. ಪ್ರತಿ ಅಪ್‌ಡೇಟ್ ಆದ ಮೇಲೆ ಒಮ್ಮೆ ನನ್ನ ಟೇಬಲ್ ಇಲ್ಲದೆ ಬೂಟ್ ಮಾಡಿ, ಹೊಸ ಡಂಪ್ ತೆಗೆದು ಎಕ್ಸ್‌ಎಸ್3 ಹಾಗೇ ಇದೆಯಾ, _ವೇಕ್‌ನಲ್ಲಿ 3ರ ಸಾಲುಗಳು ಉಳಿದಿವೆಯಾ ನೋಡುತ್ತೇನೆ. ಎರಡನೇ ಅಪ್‌ಡೇಟ್‌ನಲ್ಲಿ ಫ್ಯಾನ್ ಬೈಟ್ ಮಾತ್ರ ಜಾಗ ಬದಲಿಸಿತ್ತು.